ನಾಳೆಯ ಅಧ್ಯಾಯ

ಸಲೋಮಿಬಾಯಿ ದೇವರೊಡನೆ ಮಾತಾಡುವ ದನಿಯೂ ಹಾಲಿನವನನ್ನು ತರಾಟೆಗೆ ತೆಗೆದುಕೊಳ್ಳುವ ದನಿಯೂ ಒಂದೇ ಆಗಿತ್ತು. ಬೆಳಿಗ್ಗೆ ಹಿತ್ತಲಿನ ನಲ್ಲಿಯ ಬಳಿ ನಿಂತು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಕಣ್ಣು ಮುಚ್ಚಿ ಶುರು ಮಾಡುತ್ತಿದ್ದರು: “ನಿನ್ನೆಯೇ ಹೇಳಿದ್ದೆ ನಿಂಗೆ. ಕೇಳ್ಲಿಲ್ವಾ? ಇವತ್ತಾದ್ರೂ ಸರಿ ಮಾಡು ಮಾರಾಯ. ಒಂದೇ ಮಾತು ಎಷ್ಟು ಸಲ ಹೇಳುದು?” ಹಾಲಿನ ಮುನುಸ್ವಾಮಿಗೆ ಕನ್ನಡದ ಗಂಧವಿಲ್ಲ. ಅವನು ಹಿತ್ತಲ ಬಾಗಿಲಲ್ಲಿ ಹಾಲಿನ ಪಾತ್ರೆ ಹಿಡಿದುಕೊಂಡು, ಬೈಗುಳ ತನಗೇ ಎಂದು ತಲೆ ತಗ್ಗಿಸಿ ನಿಂತಿರುತ್ತಿದ್ದ. ಬಾಯಿಯವರ ಪ್ರಾರ್ಥನೆ ಜೋರಾಗಿದ್ದ ದಿನದ ಮರುದಿನ ನಮ್ಮ ನಾಲ್ಕು ಮನೆಗಳಿಗೂ ಹಾಲು ಗಟ್ಟಿಯಾಗಿ ಬರುತ್ತಿತ್ತು. ಅದನ್ನು ಅವರಿಗೆ ಹೇಳಿದರೆ, “ನೋಡಿದ್ಯಾ, ನಾನು ಕೇಳಿದ್ದು ಬೇರೆ, ಕೊಟ್ಟದ್ದು ಬೇರೆ. ಆದ್ರೂ ಕೊಟ್ಟ” ಎಂದು ನಗುತ್ತಿದ್ದರು.

ನಾವಾಗ ಮದರಾಸಿನ ರಾಯಪುರದಲ್ಲಿದ್ದೆವು. ನಮ್ಮ ಯಜಮಾನರು ಮಣ್ಣಡಿಯ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದರು. ಮನೆಯಲ್ಲಿ ಅವರು, ನಾನು, ಅತ್ತೆ. ಒಂದೇ ಸೂರಿನಡಿ ನಾಲ್ಕು ಸಂಸಾರಗಳಿದ್ದ ಮನೆ ಅದು. ನಮ್ಮ ಹಿತ್ತಲಿಗೂ ಸಲೋಮಿಬಾಯಿಯ ಹಿತ್ತಲಿಗೂ ನಡುವೆ ಎದೆಮಟ್ಟದ ಒಂದು ಮೋಟುಗೋಡೆ. ಅವರು ಮಂಗಳೂರಿನ ಕಡೆಯ ಕ್ರಿಶ್ಚಿಯನ್ನರು. ಬಂದರಿನಲ್ಲಿ ಗುಮಾಸ್ತರಾಗಿದ್ದ ಗಂಡ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಹುಡುಗಿಯರ ಶಾಲೆಯಲ್ಲಿ ಹೊಲಿಗೆ ಕಲಿಸಿ ನಿವೃತ್ತರಾಗಿದ್ದರು. ಭಾನುವಾರ ಅವರ ಮನೆಯಲ್ಲಿ ಮೀನು. ಆ ದಿನ ನಮ್ಮ ಅತ್ತೆ ಗೋಡೆಯುದ್ದಕ್ಕೂ ಊದಿನಕಡ್ಡಿ ಸಿಕ್ಕಿಸುತ್ತಿದ್ದರು. ಸಲೋಮಿಬಾಯಿ ಆಚೆಯಿಂದ, “ಭಾಗೀರಥಮ್ಮ, ನಿಮ್ಮ ಊದಿನಕಡ್ಡಿಯ ಘಮಕ್ಕೆ ನನ್ನ ಬಂಗುಡೆಯ ರುಚಿಯೇ ಗೊತ್ತಾಗುದಿಲ್ಲ” ಎಂದು ದೂರುತ್ತಿದ್ದರು.

ಅತ್ತೆ ಕುಂದಾಪುರದ ಕಡೆಯವರು, ಕಟ್ಟುನಿಟ್ಟಿನ ಮಡಿ ಹೆಂಗಸು. ನಮ್ಮ ಯಜಮಾನರು ತೊಟ್ಟಿಲಲ್ಲಿದ್ದಾಗಲೇ ಮಾವ ಹೋಗಿಬಿಟ್ಟಿದ್ದರು. ಅಂದಿನಿಂದ ಬೋಳಿಸಿದ ತಲೆ, ಕೆಂಪು ಸೀರೆ, ಒಂದು ಹೊತ್ತಿನ ಊಟ. ಓದು ಬರಹ ಬಾರದು. ಆದರೆ ಕೇಳಿದ ಹರಿಕಥೆಯೆಲ್ಲ ಅಕ್ಷರ ಬಿಡದೆ ನೆನಪಿತ್ತು. ಅವರ ಇನ್ನೊಂದು ಗುಣ, ಕೂಡಿಡುವುದು. ವರ್ಷಕ್ಕಾಗುವಷ್ಟು ಉಪ್ಪಿನಕಾಯಿ, ಹಪ್ಪಳ, ಹುಣಿಸೆಹಣ್ಣು, ಎಲ್ಲವೂ ಭರಣಿ ಡಬ್ಬಗಳಲ್ಲಿ ಸಾಲಾಗಿ ಇರಬೇಕು. ಒಂದು ಭರಣಿ ಅರ್ಧವಾದರೆ ಅವರಿಗೆ ನಿದ್ದೆ ಬಾರದು.

ಸಲೋಮಿಬಾಯಿ ಇದಕ್ಕೆ ತೀರ ವಿರುದ್ಧ. ನಾಳೆ ಎನ್ನುವುದರ ಮೇಲೆ ಅವರಿಗೆ ಎಳ್ಳಷ್ಟೂ ಆಸಕ್ತಿಯಿರಲಿಲ್ಲ. ದಿನಕ್ಕೆ ಬೇಕಾದಷ್ಟೇ ಅಕ್ಕಿ, ದಿನಕ್ಕೆ ಬೇಕಾದಷ್ಟೇ ಸೌದೆ, ದಿನಕ್ಕೆ ಸತ್ಯವೇದದ, ಅಂದರೆ ಬೈಬಲ್ಲಿನ, ಒಂದೇ ಅಧ್ಯಾಯ. ಮೊದಲ ಪುಟದಿಂದ ಕೊನೆಯ ಪುಟದವರೆಗೆ, ನಡುವೆ ಒಂದು ಸಾಲನ್ನೂ ಹಾರಿಸದೆ ಓದಬೇಕು. ಯಾರು ಯಾರ ಮಗ ಎಂಬ ಉದ್ದುದ್ದ ವಂಶಾವಳಿ ಬಂದರೂ ಬಿಡುವ ಹಾಗಿಲ್ಲ. ಕಥೆ ಎಷ್ಟೇ ರೋಚಕ ಘಟ್ಟದಲ್ಲಿರಲಿ, ಅಧ್ಯಾಯ ಮುಗಿದರೆ ಪುಸ್ತಕ ಮುಚ್ಚಲೇಬೇಕು. “ನಾಳೆಯದ್ದು ನಾಳೆ” ಎಂದು ಹೇಳಿ ಪುಟಗಳ ನಡುವೆ ಹಳೆಯ ಟ್ರಾಮ್ ಟಿಕೇಟೊಂದನ್ನು ಸಿಕ್ಕಿಸಿಡುತ್ತಿದ್ದರು.

ಒಂದು ದಿನ ಬೆಳಿಗ್ಗೆ ಗೋಡೆಯಾಚೆಯ ಓದು ನಡುವೆಯೇ ನಿಂತಿತು. ಇಣುಕಿ ನೋಡಿದರೆ ಪುಸ್ತಕವನ್ನು ಮೂಗಿಗೆ ತಾಗಿಸಿಕೊಂಡು ಕೂತಿದ್ದಾರೆ. “ಎಂತ ಅಚ್ಚು ಮಾಡಿದ್ದಾರೋ, ಅಕ್ಷರವೇ ಅಳಿಸಿಹೋಗಿದೆ” ಎಂದರು. ಅಕ್ಷರ ಕಪ್ಪಗೆ ದಪ್ಪಗೆ ಚೆನ್ನಾಗಿಯೇ ಇತ್ತು. ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಹೊಲಿಗೆ ಟೀಚರಿಗೆ ಸೂಜಿಗೆ ದಾರ ಪೋಣಿಸಲು ಆಗುತ್ತಿಲ್ಲವೆಂಬುದು ನನಗೆ ಮೊದಲೇ ಗೊತ್ತಿತ್ತು. ಸೂಜಿಯ ಕಣ್ಣು ಸಣ್ಣದು ಎಂದು ಆಗಲೂ ಸೂಜಿಯನ್ನೇ ಬೈದಿದ್ದರು.

“ಸೀತಾ, ನೀನು ಓದಿಕೊಡ್ತೀಯಾ ಮಗಾ?” ಎಂದು ಕೇಳಿದರು. ಮಾತು ಹಗುರವಾಗಿತ್ತು, ಮುಖ ಹಾಗಿರಲಿಲ್ಲ. ಒಂದು ದಿನ ಊಟ ಬಿಟ್ಟಾರು, ಅಧ್ಯಾಯ ಬಿಡುವವರಲ್ಲ.

ನನಗೆ ಓದಲು ಅಡ್ಡಿಯಿರಲಿಲ್ಲ. ಆದರೆ ಆ ಹೊತ್ತಿಗೆ ನಾನು ಮಡಿಯಲ್ಲಿರುತ್ತಿದ್ದೆ, ಪುಸ್ತಕ ಮುಟ್ಟುವ ಹಾಗಿರಲಿಲ್ಲ. ಕೊನೆಗೆ ಒಂದು ಏರ್ಪಾಡಾಯಿತು. ಅವರು ಗೋಡೆಯ ಮೇಲೆ ಪುಸ್ತಕ ತೆರೆದು ಹಿಡಿಯುವುದು, ನಾನು ಒಂದು ಮೊಳ ದೂರ ನಿಂತು ಓದುವುದು, ಪುಟ ತಿರುಗಿಸಬೇಕಾದಾಗ “ಹ್ಞೂಂ” ಅನ್ನುವುದು. ತಿಂಗಳಿಗೆ ಮೂರು ದಿನ ನಾನು ಹೊರಗೆ ಕೂತಾಗ ಮಾತ್ರ ಸತ್ಯವೇದ ನೇರವಾಗಿ ನನ್ನ ಕೈಗೇ ಬರುತ್ತಿತ್ತು. ನಮ್ಮ ಮನೆಯಲ್ಲಿ ಒಂದು ಲೋಟವನ್ನೂ ಮುಟ್ಟಬಾರದ ಆ ದಿನಗಳಲ್ಲಿ ಅವರ ದೇವರ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಓದುತ್ತಿದ್ದೆ. “ನಮ್ಮವನಿಗೆ ಅಷ್ಟೆಲ್ಲ ಮೂಗು ಚೂಪಿಲ್ಲ” ಎನ್ನುತ್ತಿದ್ದರು ಸಲೋಮಿಬಾಯಿ.

ಆಗಷ್ಟೇ ಅವರು ಕೊನೆಯ ಪುಟ ಮುಗಿಸಿ ಮತ್ತೆ ಸೃಷ್ಟಿಯ ಕಥೆಯಿಂದ ಶುರು ಮಾಡಿದ್ದರು. ಮೊದಮೊದಲು ಅತ್ತೆ ಆ ಹೊತ್ತಿನಲ್ಲಿ ಒಳಗೆ ಹೋಗಿ ಗಟ್ಟಿಯಾಗಿ ಸ್ತೋತ್ರ ಹೇಳುತ್ತಿದ್ದರು. ಪ್ರಳಯದ ಕಥೆ ಬಂದಾಗ ಸ್ತೋತ್ರದ ದನಿ ಸಣ್ಣದಾಯಿತು. ಆಮೇಲೆ ಅಕ್ಕಿ ಆರಿಸಲು ಒಳಗೆ ಬೆಳಕು ಸಾಲದೆಂದು ಮೊರ ಹಿಡಿದುಕೊಂಡು ಹಿತ್ತಲಿಗೆ ಬಂದು ಕೂತರು. ಅಂದಿನಿಂದ ದಿನಾ ಅಕ್ಕಿ ಆರಿಸುವುದೇ. ಆರಿಸಿದ ಅಕ್ಕಿಯನ್ನೇ ಮರುದಿನ ಮತ್ತೆ ಆರಿಸುತ್ತಿದ್ದರು.

ಯೋಸೇಫನೆಂಬ ಹುಡುಗನನ್ನು ಅಣ್ಣಂದಿರು ಹೊಟ್ಟೆಕಿಚ್ಚಿನಿಂದ ಗುಂಡಿಗೆ ತಳ್ಳಿ, ಆಮೇಲೆ ಪರದೇಶಕ್ಕೆ ಮಾರಿಬಿಟ್ಟರು. ಅಧ್ಯಾಯ ಮುಗಿಯಿತು. ಮರುದಿನ ನೋಡಿದರೆ ನಡುವೆ ಬೇರೆ ಯಾರದೋ ಕಥೆ. ಅತ್ತೆಗೆ ತಡೆಯಲಾಗಲಿಲ್ಲ.

“ಹ್ವಾಯ್ ಬಾಯಮ್ಮ, ಆ ಮಾಣಿ ಎಂತ ಆದ? ಅದನ್ನ್ ಹೇಳಿ ಕಾಂಬ!”

ಗೋಡೆಗೆ ಬೆನ್ನು ಮಾಡಿಕೊಂಡೇ ಕೇಳಿದರು. ಸಲೋಮಿಬಾಯಿ ನನ್ನತ್ತ ಕಣ್ಣು ಮಿಟುಕಿಸಿ, “ಅಯ್ಯೋ, ನೀವು ಕೇಳ್ತಾ ಇದ್ರಾ? ಅಕ್ಕಿ ಆರಿಸ್ತಾ ಇದ್ದೀರಿ ಅಂತ ಮಾಡಿದೆ” ಎಂದರು.

“ಕೆಮಿ ಇತ್ತಲ್ಲ, ಬೀಳತ್ತ್. ಎಂತ ಆದ?”

“ನಾಳೆಯದ್ದು ನಾಳೆ.”

ಅತ್ತೆ ಅವತ್ತು ಮಧ್ಯಾಹ್ನದವರೆಗೆ ನನ್ನ ಮೇಲೆ ಸಿಡಿಮಿಡಿಗುಟ್ಟಿದರು.

ಅವರಿಬ್ಬರ ದೊಡ್ಡ ಜಗಳ ನಡೆದದ್ದು ಮರುಭೂಮಿಯ ಕಥೆ ಬಂದಾಗ. ಹಸಿದ ಜನಕ್ಕೆ ದೇವರು ಆಕಾಶದಿಂದ ಮನ್ನವೆಂಬ ಆಹಾರ ಸುರಿಸಿದನಂತೆ. ಆದರೆ ಅಂದಂದಿನದು ಅಂದಂದೇ ತಿನ್ನಬೇಕು, ನಾಳೆಗೆಂದು ಎತ್ತಿಟ್ಟರೆ ಹುಳ ಬೀಳುತ್ತಿತ್ತಂತೆ. ಸಲೋಮಿಬಾಯಿ ಗೆದ್ದವರ ಹಾಗೆ ನಮ್ಮ ಅಡುಗೆಮನೆಯ ಭರಣಿಗಳ ಸಾಲಿನತ್ತ ಗದ್ದ ಚಾಚಿ, “ಕೇಳಿದ್ರಾ ಭಾಗೀರಥಮ್ಮ? ನಾಳೆಗೆ ಅಂತ ಇಟ್ಟದ್ದಕ್ಕೆ ಹುಳ” ಎಂದರು.

“ಉಪ್ಪ್ ಹಾಕೂಕೆ ಗೊತ್ತಿಲ್ಲೆ ಆ ಜನಕ್ಕೆ” ಎಂದು ಅತ್ತೆ ಅಲ್ಲಿಗೇ ತೀರ್ಪು ಕೊಟ್ಟರು.

ಅದೇ ವಾರ ನಾನು ಕಣ್ಣಿನ ಆಸ್ಪತ್ರೆಯ ಮಾತು ಎತ್ತಿದೆ. ಎಡಗಣ್ಣು ಪೂರ್ತಿ ಮಂಜಾಗಿತ್ತು, ಬಲಗಣ್ಣಲ್ಲಿ ಬೆಳಕು ನೆರಳು ಮಾತ್ರ. ನಲ್ಲಿಯ ಕಟ್ಟೆ ಎಡವಿ ಎರಡು ಸಲ ಬಿದ್ದಿದ್ದರು. ಶಸ್ತ್ರಚಿಕಿತ್ಸೆ ಮಾಡಿದರೆ ಒಂದು ಕಣ್ಣಾದರೂ ಬರುತ್ತದೆ ಎಂದು ಡಾಕ್ಟರು ಹೇಳಿಯಾಗಿತ್ತು. ಸಲೋಮಿಬಾಯಿ ದಿನಕ್ಕೊಂದು ನೆಪ ಹೇಳುತ್ತಿದ್ದರು. ದೇವರು ಇನ್ನೂ ಹೋಗು ಅಂದಿಲ್ಲ. ಇವತ್ತಿನ ಅಧ್ಯಾಯದಲ್ಲಿ ಡಾಕ್ಟರ ಸುದ್ದಿಯೇ ಇಲ್ಲ. ಸೆಕೆ ಕಳೆಯಲಿ. ಕೊನೆಗೊಂದು ದಿನ ನಿಜವಾದದ್ದು ಹೊರಗೆ ಬಂತು.

“ಚಾಕು ಹಾಕಿದ ಮೇಲೆ ಇದ್ದ ಚೂರು ಬೆಳಕೂ ಹೋದ್ರೆ? ನಾಳೆ ನಾನು ಎಂತ ಮಾಡುದು ಸೀತಾ? ನನಗೆ ಯಾರುಂಟು?” ಎಂದು ತಲೆ ತಗ್ಗಿಸಿ ಕೂತರು. ದೇವರನ್ನೇ ಗದರಿಸುವ ಹೆಂಗಸು ಹಾಗೆ ಕೂತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಅತ್ತೆ ಮೊರ ಕೆಳಗಿಟ್ಟರು. ಮೊದಲ ಸಲ ಗೋಡೆಯತ್ತ ಮುಖ ತಿರುಗಿಸಿದರು.

“ನಾನ್ ಉಪ್ಪಿನಕಾಯಿ ಇಟ್ರೆ ಹುಳ ಬೀಳತ್ತ್ ಅಂದ್ರಿ. ನೀವ್ ಹೆದ್ರಿಕೆಯನ್ನ ವರ್ಷಕ್ಕಾಪಷ್ಟ್ ಭರಣಿಯಲ್ಲಿ ತುಂಬ್ಸಿ ಇಟ್ಕಂಡಿದ್ರಿ ಅಲ್ದಾ ಬಾಯಮ್ಮ? ನಾಳೆಯದ್ದ್ ನಾಳೆ ಅಂದವ್ರ್ ಯಾರ್?”

ಸಲೋಮಿಬಾಯಿ ಮೇಲೆ ನೋಡಿ, “ನಿಂಗೆ ಹೇಳಿಸ್ಲಿಕ್ಕೆ ಬೇರೆ ಯಾರೂ ಸಿಗ್ಲಿಲ್ವಾ?” ಎಂದು ದೇವರನ್ನು ಗದರಿದರು. ಆ ತಿಂಗಳೇ ಆಸ್ಪತ್ರೆಗೆ ಸೇರಿದರು.

ಆಗಿನ ಕಾಲದ ಕಣ್ಣಿನ ಚಿಕಿತ್ಸೆಯೆಂದರೆ ಆಮೇಲೂ ಒಂದು ಶಿಕ್ಷೆ. ಎರಡೂ ಕಣ್ಣಿಗೆ ಬಟ್ಟೆ ಕಟ್ಟಿ, ತಲೆಯ ಎರಡೂ ಬದಿಗೆ ಮರಳಿನ ಚೀಲ ಇಟ್ಟು ದಿನಗಟ್ಟಲೆ ಅಂಗಾತ ಮಲಗಿಸುತ್ತಿದ್ದರು. ಕೆಮ್ಮಬಾರದು, ನಗಬಾರದು. ನಾನು ದಿನಾ ಹೋಗಿ ಅಧ್ಯಾಯ ಓದಿ ಬರುತ್ತಿದ್ದೆ. ಒಂದು ದಿನ ಜ್ವರ ಬಂದು ನಾನೇ ಮಲಗಿಬಿಟ್ಟೆ. ಅಧ್ಯಾಯ ತಪ್ಪುತ್ತದೆಂದು ಚಡಪಡಿಸುತ್ತಿದ್ದಾಗ ಅತ್ತೆ, “ನಾನೇ ಹೋಯ್ ಬತ್ತೆ” ಎಂದು ಎದ್ದು ನಿಂತರು. ಕುಂದಾಪುರದಿಂದ ಬಂದಮೇಲೆ ದೇವಸ್ಥಾನ ಬಿಟ್ಟರೆ ಹೊರಗೆ ಕಾಲಿಡದವರು ರಿಕ್ಷಾ ಹತ್ತಿ, ಮಗನೊಂದಿಗೆ ಆ ಮೈಲಿಗೆಯ ಆಸ್ಪತ್ರೆಗೆ ಹೊರಟರು.

ಓದಲು ಬಾರದಿದ್ದರಿಂದ ಹೊಸ ಅಧ್ಯಾಯ ಆಗುವಂತಿರಲಿಲ್ಲ. ಮಂಚದಿಂದ ಒಂದು ಮೊಳ ದೂರ ಕೂತು ಯೋಸೇಫನ ಕಥೆಯನ್ನೇ ಹರಿಕಥೆಯ ಧಾಟಿಯಲ್ಲಿ ಹೇಳಿದರಂತೆ. ಬರಗಾಲದಲ್ಲಿ ಧಾನ್ಯ ಬೇಡಲು ಬಂದ ಅಣ್ಣಂದಿರಿಗೆ, ಪರದೇಶವಾದ ಐಗುಪ್ತದಲ್ಲಿ ಮಂತ್ರಿಯಾಗಿದ್ದ ಯೋಸೇಫ ಬಾಳೆಲೆ ಹಾಸಿ, ಪತ್ರೊಡೆ, ಹಲಸಿನಹಣ್ಣಿನ ಕಡುಬು ಬಡಿಸಿದನಂತೆ. ಐಗುಪ್ತದವರಿಗೆ ಬೇರೆ ಪಂಕ್ತಿ, ಏಕೆಂದರೆ ಅವರು ಮಡಿಯವರು. ನಗಬಾರದೆಂದು ಆಜ್ಞೆಯಾದ ಸಲೋಮಿಬಾಯಿಯ ಹೊಟ್ಟೆ ಮಾತ್ರ ಕುಲುಕತೊಡಗಿತು. ನರ್ಸ್ ಓಡಿ ಬಂದು, “ಪಾಟ್ಟಿ, ಸಿರಿಕ್ಕ ವೈಕ್ಕಾದೀಂಗೊ!” ಎಂದು, ಅಜ್ಜಿ ನಗಿಸಬೇಡಿ ಎಂದು, ಅತ್ತೆಯನ್ನೇ ಗದರಿದಳು. ಅತ್ತೆ ಮನೆಗೆ ಬಂದು ತಲೆಗೆ ನೀರು ಹೊಯ್ದುಕೊಂಡು, “ಪರ್ವಾ ಇಲ್ಲೆ, ಬದ್ಕ್‌ತ್ರ್” ಎಂದರು.

ಬಾಟಲಿಯ ತಳದಷ್ಟು ದಪ್ಪದ ಕನ್ನಡಕ ಹಾಕಿಕೊಂಡು ಸಲೋಮಿಬಾಯಿ ಹಿಂದಿರುಗಿದರು. ಇನ್ನು ನನ್ನ ಓದು ಮುಗಿಯಿತು ಎಂದುಕೊಂಡೆ. ಅತ್ತೆ ಮೊರ ಹಿಡಿದು ಬಂದವರು ಬಾಗಿಲಲ್ಲೇ ನಿಂತಿದ್ದರು. “ಇನ್ನೂ ಮಂಜು ಮಂಜು ಮಾರಾಯ್ತಿ. ನೀನೇ ಓದು” ಎಂದರು ಸಲೋಮಿಬಾಯಿ. ಅತ್ತೆ ಕೂತರು.

ಮಡಿ ಮೈಲಿಗೆಯ ಕಟ್ಟಳೆಗಳೇ ತುಂಬಿದ್ದ ಭಾಗ ಅಷ್ಟರಲ್ಲಿ ಬಂತು. ಏನು ಮುಟ್ಟಿದರೆ ಎಷ್ಟು ಹೊತ್ತು ಮೈಲಿಗೆ, ಯಾವಾಗ ಸ್ನಾನ, ಯಾವ ಪಾತ್ರೆ ಒಡೆಯಬೇಕು ಎಂಬುದೆಲ್ಲ. ನನಗೆ ಆಕಳಿಕೆ ಬರುತ್ತಿತ್ತು. ಅತ್ತೆಯ ಮುಖ ಮಾತ್ರ ಅರಳಿತ್ತು. “ಇದ್ ಬರೆದವ್ರ್ ತಿಳಿದವ್ರ್” ಎಂದರು. “ಅದೆಲ್ಲ ಈಗ ಇಲ್ಲ, ನಮಗೆ ಅದು ಮಾಫಿ” ಎಂದು ಸಲೋಮಿಬಾಯಿ ಸಂಕೋಚದಿಂದ ಹೇಳಿದರೆ, “ದೇವ್ರ್ ಹೇಳಿದ್ದನ್ನ ಮಾಫಿ ಮಾಡಿದ್ದ್ ಯಾರ್?” ಎಂದು ಅತ್ತೆ ಪಟ್ಟು ಹಿಡಿದರು. ಅವತ್ತು ಸೋತವರು ಸಲೋಮಿಬಾಯಿ.

ತಿಂಗಳುಗಳ ನಂತರ ಸಂಸೋನನ ಕಥೆ ಬಂತು. ಮಹಾ ಬಲಶಾಲಿ. ತಲೆಗೂದಲು ಬೋಳಿಸಿದ್ದೇ ಬಲವೆಲ್ಲ ಹೋಯಿತು. ಓದಿ ಮುಗಿಸಿ ನೋಡಿದರೆ ಅತ್ತೆಯ ಒಂದು ಕೈ ಕೆಂಪು ಸೆರಗಿನಡಿ ತಲೆಯ ಮೇಲಿತ್ತು.

“ನಂದ್ ಹೋಯಿ ಎಷ್ಟ್ ವರ್ಷ ಆಯ್ತ್” ಎಂದರು ಮೆಲ್ಲಗೆ. “ಆದ್ರೂ ಮಗನ್ನ ಸಾಕ್ಲಿಲ್ಯಾ?”

ಸಲೋಮಿಬಾಯಿ ಗೋಡೆಯಾಚೆಯಿಂದ, “ಭಾಗೀರಥಮ್ಮ, ನಿಮ್ಮ ಎಡಗೈ ಬೆರಳ ಹತ್ತಿರ ಒಂದು ಕಲ್ಲುಂಟು ನೋಡಿ” ಎಂದರು.

ಮೊರದ ಅಕ್ಕಿಯಲ್ಲಿ ಸಾಸಿವೆಯಷ್ಟಿದ್ದ ಕಲ್ಲು. ಅತ್ತೆ ಅದನ್ನು ಹೆಕ್ಕಿ ಎಸೆದರು. ನಾನು ಸಲೋಮಿಬಾಯಿಯ ಮುಖ ನೋಡಿದೆ, ಅವರು ಆಕಾಶ ನೋಡಿದರು. ಮಂಜು ಕಣ್ಣಿಗೆ ಆ ಕಲ್ಲು ಹೇಗೆ ಕಂಡಿತೆಂದು ಅತ್ತೆ ಕೇಳಲಿಲ್ಲ. ಮರುದಿನ ಬೆಳಿಗ್ಗೆ ನಾನು ಎಂದಿನಂತೆ ಓದಿದೆ, ಅತ್ತೆ ಎಂದಿನಂತೆ ಆರಿಸಿದರು.

ಮಳೆಗಾಲ ಕಳೆದ ಮೇಲೆ ಸಲೋಮಿಬಾಯಿಯ ತಮ್ಮ ಮಂಗಳೂರಿನಿಂದ ಬಂದ. ಅಕ್ಕ ಒಬ್ಬಳೇ ಇರುವುದು ಬೇಡವೆಂದು ಹಟ ಹಿಡಿದು ಸಾಮಾನು ಕಟ್ಟಿಸಿದ. ಆಗ ನಾವು ಓದುತ್ತಿದ್ದದ್ದು ಒಬ್ಬ ಅತ್ತೆ, ಒಬ್ಬ ಸೊಸೆಯ ಕಥೆ. ಇಬ್ಬರೂ ಗಂಡ ಸತ್ತವರು. ತವರಿಗೆ ಹೋಗು ಎಂದರೂ ಸೊಸೆ ರೂತಳು ಅತ್ತೆಯನ್ನು ಬಿಡದೆ ಅವಳ ಊರಿಗೆ ಬಂದಳು, ಕಂಡವರ ಹೊಲದಲ್ಲಿ ಉದುರಿದ ತೆನೆ ಆಯ್ದು ಅವಳನ್ನು ಸಾಕಿದಳು. ಸಲೋಮಿಬಾಯಿ ಹೊರಡುವ ದಿನ ಬೆಳಿಗ್ಗೆ ಓದಿದ ಅಧ್ಯಾಯದಲ್ಲಿ ಅತ್ತೆಯೇ ಸೊಸೆಯನ್ನು ಒಬ್ಬ ಸಂಬಂಧಿಕನ ಬಳಿ ಕಳಿಸುತ್ತಾಳೆ, ನನ್ನನ್ನು ಕೈಹಿಡಿ ಎಂದು ಕೇಳಲು. ಅವನಿಗೆ ಮನಸ್ಸಿದೆ. ಆದರೆ ತನಗಿಂತ ಹತ್ತಿರದ ಹಕ್ಕುದಾರ ಇನ್ನೊಬ್ಬನಿದ್ದಾನೆ, ಅವನನ್ನು ಕೇಳಿ ನೋಡುತ್ತೇನೆ ಎನ್ನುತ್ತಾನೆ. ಅಲ್ಲಿಗೆ ಅಧ್ಯಾಯ ಮುಗಿಯಿತು. ಟ್ರಾಮ್ ಟಿಕೇಟು ಪುಟದೊಳಗೆ ಹೋಯಿತು.

ವಿಧವೆಗೆ ಮತ್ತೆ ಮದುವೆ ಎಂದರೆ ಅತ್ತೆ ಕಿವಿ ಮುಚ್ಚಿಕೊಳ್ಳುತ್ತಾರೆಂದು ನಾನು ಕಾದಿದ್ದೆ. ಅವರು ಮುಚ್ಚಿಕೊಳ್ಳಲಿಲ್ಲ.

ಸಂಜೆ ಸೆಂಟ್ರಲ್ ಸ್ಟೇಷನ್ನಿಗೆ ಅತ್ತೆಯೂ ಬಂದರು. ಅಪ್ಪೆಮಿಡಿಯ ದೊಡ್ಡ ಭರಣಿಯನ್ನು ಕಿಟಕಿಯೊಳಗೆ ತುರುಕಿ, “ಹುಳ ಬೀಳೂದಿಲ್ಲೆ, ಉಪ್ಪ್ ಸಮಾ ಹಾಕಿದ್ದೆ” ಎಂದರು. ಆಮೇಲೆ ಕಿಟಕಿಯ ಸರಳು ಹಿಡಿದುಕೊಂಡರು. ಯಾರನ್ನೂ ಮುಟ್ಟದ ಆ ಕೈಯ ಮೇಲೆ ಸಲೋಮಿಬಾಯಿ ತಮ್ಮ ಕೈ ಇಟ್ಟರು. ಅತ್ತೆ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

“ಬಾಯಮ್ಮ, ಆ ಹೆಣ್ಣಿಗೆ ಎಂತ ಆಯ್ತ್?”

“ನಾಳೆಯದ್ದು...” ಎಂದು ಶುರು ಮಾಡಿದ ಸಲೋಮಿಬಾಯಿ ಅಲ್ಲಿಗೇ ನಿಲ್ಲಿಸಿದರು. ಗಾಡಿ ಕೂಗಿತು, ಜಗ್ಗಿತು. ದಪ್ಪ ಕನ್ನಡಕದ ಹಿಂದೆ ಅವರ ಕಣ್ಣು ತುಂಬಿ ದೊಡ್ಡದಾಗಿ ಕಂಡಿತು. ಗಾಡಿ ಹೊರಟ ಮೇಲೆ ಕಿಟಕಿಗೆ ಮುಖ ಒತ್ತಿ ಕೂಗಿದರು:

“ಮದುವೆ ಆಯ್ತು ಭಾಗೀರಥಮ್ಮ! ಅವನೇ ಆದ! ಗಂಡು ಮಗು ಹುಟ್ಟಿತು! ಅತ್ತೆಯ ಮಡಿಲಲ್ಲಿ ಹಾಕಿದ್ರು!”

ಜನ ತಿರುಗಿ ನೋಡಿದರು. ಅತ್ತೆ ಗಾಡಿ ಕಣ್ಮರೆಯಾಗುವವರೆಗೂ ನಿಂತಿದ್ದರು. “ನಾಳೆಯದ್ದನ್ನ ಇವತ್ತೇ ಹೇಳಿದ್ರಲ್ಲ” ಎಂದರು. ಸಲೋಮಿಬಾಯಿಯನ್ನು ನಾವು ಮತ್ತೆ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಹಿತ್ತಲಲ್ಲಿ ಯಾರೋ ಗದರುವುದು ಕೇಳಿ ಎದ್ದು ಹೋದೆ. ನಲ್ಲಿಯ ಬಳಿ ಅತ್ತೆ ಕಣ್ಣು ಮುಚ್ಚಿ ನಿಂತಿದ್ದರು. ಹುಟ್ಟಿದಾಗಿನಿಂದ ದೇವರಿಗೆ ಸ್ತೋತ್ರ ಬಿಟ್ಟು ಬೇರೆ ಮಾತಾಡದವರು ತಮ್ಮ ಉಡುಪಿ ಕೃಷ್ಣನನ್ನು ಹಿಡಿದು ನಿಲ್ಲಿಸಿಕೊಂಡಂತೆ ಕೇಳುತ್ತಿದ್ದರು: “ಅವ್ರ್ ಊರಿಗೆ ಸಮಾ ಮುಟ್ತ್ರಾ ಇಲ್ಯಾ? ಒಂದ್ ಕಣ್ಣಲ್ಲಿ ಹೋತಿದ್ರ್, ನೆನಪಿತ್ತಾ ನಿಂಗೆ? ಎಷ್ಟ್ ಸಲ ಹೇಳೂದ್?”

ಬಾಗಿಲಲ್ಲಿ ಮುನುಸ್ವಾಮಿ ಹಾಲಿನ ಪಾತ್ರೆ ಹಿಡಿದು ತಲೆ ತಗ್ಗಿಸಿ ನಿಂತಿದ್ದ. ಅದರ ಮರುದಿನ ಹಾಲು ಗಟ್ಟಿಯಾಗಿತ್ತು.