ಬ್ಯಾಟರಿಗೆ ಬೆಳಗಿದ ಆರತಿ

ನಮ್ಮ ಮನೆಯವರು ದಿನಾ ಬೆಳಿಗ್ಗೆ ದೇವರ ಪೂಜೆ ಮುಗಿಸಿ, ಅದೇ ಊದುಬತ್ತಿ ಹಿಡಿದುಕೊಂಡು ಕೆಳಗಿಳಿಯುತ್ತಾರೆ. ಸೋಲಾಪುರದ ವ್ಯಾಪಾರಸ್ಥರ ಮನೆಗಳಲ್ಲಿ ಇದೇನು ಹೊಸದಲ್ಲ. ಬೀಗ, ಸ್ಕೂಟರ್, ಅಂಗಡಿಯ ಗಲ್ಲಾ ಪೆಟ್ಟಿಗೆ, ಎಲ್ಲಕ್ಕೂ ಎರಡು ಸುತ್ತು ಹೊಗೆ ಸಿಗುತ್ತದೆ. ಆದರೆ ಕಾರಿಗೆ ಮರ್ಯಾದೆ ಜಾಸ್ತಿ. ಅಂಗಡಿಯಲ್ಲಿ ಮಾರಾಟವಾಗದೆ ಉಳಿದ ಚಾದರಗಳನ್ನು ಕೂಡಿಸಿ ಹೊಲಿದ ಹೊದಿಕೆ ಸರಿಸಿ, ಕೀಲಿ ತಿರುಗಿಸಿ, ಮುಂದಿನ ದೀಪ ಹಚ್ಚಿ, ಎಂಜಿನ್ ಗುರುಗುಡುತ್ತಿರುವಾಗಲೇ ಆರತಿ. ಎರಡೇ ನಿಮಿಷ, ಆಮೇಲೆ ಬಂದ್. ಕಾರು ಇದ್ದಲ್ಲೇ ಇರುತ್ತದೆ, ಇವರು ಸ್ಕೂಟರ್ ಮೇಲೆ ಅಂಗಡಿಗೆ ಹೊರಡುತ್ತಾರೆ. ಗಾಡಿಯನ್ನು ದಿನಾ ಎಬ್ಬಿಸದಿದ್ದರೆ ಅದು ಕಾಯಂ ಮಲಗಿಬಿಡುತ್ತದೆ ಎಂಬುದು ಇವರ ವಾದ.

ನಾನು ಐವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತವಳು. ಕಲಿಸಿದಾತ ಮರಾಠಿಯಲ್ಲಿ ಬೈದ, ನಾನು ಕನ್ನಡದಲ್ಲಿ ಮನಸ್ಸಿನೊಳಗೇ ತಿರುಗಿಸಿ ಬೈದೆ, ಹಾಗೂ ಹೀಗೂ ಲೈಸೆನ್ಸ್ ಬಂತು. ಬಂದ ದಿನವೇ ಸಾರಿಬಿಟ್ಟೆ, ಈ ಸಂಕ್ರಾಂತಿಗೆ ಮೈಂದರ್ಗಿಯ ತವರಿಗೆ ನಾನೇ ಗಾಡಿ ಹೊಡೆದುಕೊಂಡು ಹೋಗುತ್ತೇನೆಂದು. ಸಂಕ್ರಾಂತಿಯ ಬೆಳಿಗ್ಗೆ ಹೊಸ ಇಳಕಲ್ ಸೀರೆ ಉಟ್ಟು ಕೀಲಿ ತಿರುಗಿಸಿದರೆ ಟಿಕ್ ಟಿಕ್ ಎಂದಿತೇ ಹೊರತು ಮುಂದೆ ಮಾತಿಲ್ಲ. ಬಾಗಿಲಲ್ಲಿ ನಿಂತ ನಾದಿನಿಯರು ನಕ್ಕರು. ನನಗೆ ಅಳು ಬಂದಿತ್ತು, ಸಿಟ್ಟೂ ಬಂದಿತ್ತು. ಎಸ್‌ಟಿ ಬಸ್ಸಿನಲ್ಲಿ ಹೋದೆ. ಇನ್ನೊಂದು ಸಲ ಹೀಗಾದರೆ ಈ ಮನೆಯಲ್ಲಿ ಯಾರೂ ನನ್ನ ಕೈಗೆ ಕೀಲಿ ಕೊಡುವುದಿಲ್ಲ ಎಂದು ಗೊತ್ತಿತ್ತು.

ನಾನು ತವರಿನಿಂದ ವಾಪಸಾದ ಮೇಲೆ ಬಂದ ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿ, ಗಾಡಿ ಎಷ್ಟು ಓಡುತ್ತದೆ ಎಂದು ಕೇಳಿದ. ನಾನು ಆರತಿಯ ಕಥೆ ಹೇಳಿದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಒಂದು ಸಲ ಚಾಲೂ ಮಾಡಿದರೆ ಬ್ಯಾಟರಿಯಿಂದ ಹೋಗುವಷ್ಟು ಶಕ್ತಿ, ನಿಂತಲ್ಲೇ ಎರಡು ನಿಮಿಷದಲ್ಲಿ ವಾಪಸ್ ಬರುವುದಿಲ್ಲವಂತೆ, ಅದರಲ್ಲೂ ದೀಪ ಹಚ್ಚಿಟ್ಟರೆ ಕೇಳುವುದೇ ಬೇಡವಂತೆ. ಅಂದರೆ ನಮ್ಮವರು ಭಕ್ತಿಯಿಂದ ದಿನಕ್ಕಿಷ್ಟು ಎಂದು ಅದರ ಪ್ರಾಣ ಹೀರುತ್ತಿದ್ದರು. ಮನೆಯ ಪ್ಲಗ್ಗಿಗೇ ಹಾಕುವ ಸಣ್ಣ ಚಾರ್ಜರ್ ತೆಗೆದುಕೊಳ್ಳಿರಿ, ನಿಂತ ಗಾಡಿಗೆ ಅದೇ ಔಷಧ ಎಂದು ಹೇಳಿ ಹೋದ.

ಚಾರ್ಜರ್ ತಂದೆ, ನಮ್ಮವರನ್ನು ಕೂರಿಸಿಕೊಂಡು ಎಲ್ಲ ಬಿಡಿಸಿ ಹೇಳಿದೆ. ಮುಖ ಸಣ್ಣದು ಮಾಡಿದರು.

"ಚಾಲೂ ಮಾಡಲಾರ್ದ ಆರತಿ ಹೆಂಗ ಮಾಡೂದು?"

"ದೇವರ ಪೂಜಾ ಮಾಡಾಗ ದೇವರನ್ನ ಚಾಲೂ ಮಾಡ್ತೀರೇನ್ರಿ?" ಎಂದೆ.

ಅವರು ಜೋರಾಗಿ ನಕ್ಕುಬಿಟ್ಟರು. ಚಾರ್ಜರಿನ ಕೆಂಪು ಚಿಮಟ ಬ್ಯಾಟರಿಯ ಕೂಡಿಸುವ ಗುರುತಿನ ತುದಿಗೆ, ಕರಿ ಚಿಮಟ ಕಳೆಯುವ ಗುರುತಿನ ತುದಿಗೆ, ಕೊನೆಗೆ ಪ್ಲಗ್, ಈ ಕ್ರಮವನ್ನು ನನಗಿಂತ ಚೆನ್ನಾಗಿ ಅವರೇ ಕಲಿತರು. ಮೊದಲ ದಿನ ಚಾರ್ಜರಿನಲ್ಲಿ ಕೆಂಪು ದೀಪ ಹತ್ತಿತು, ಬ್ಯಾಟರಿ ತುಂಬಿದರೆ ಅದು ಹಸಿರಾಗಬೇಕು. ಮರುದಿನ ಮಧ್ಯಾಹ್ನ ಊಟಕ್ಕೆ ಬಂದವರು ಮೆಟ್ಟಿಲು ಹತ್ತುವ ಮೊದಲೇ ಹೊದಿಕೆ ಎತ್ತಿ ನೋಡಿ, ಹಸಿರಾಗಿದೆ ಎಂದು ಓಣಿಗೆಲ್ಲ ಕೇಳುವಂತೆ ಕೂಗಿದರು. ಅಂದಿನಿಂದ ಚಾರ್ಜರಿಗೂ ಒಂದು ಕುಂಕುಮದ ಬೊಟ್ಟು. ನನ್ನ ಗಂಡನ ಬಗ್ಗೆ ಅಷ್ಟು ಪ್ರೀತಿ ಉಕ್ಕಿದ್ದು ನನಗೆ ಬಹಳ ವರ್ಷಗಳ ನಂತರ.

ನಾಗರ ಪಂಚಮಿ ಬಂತು. ನಮ್ಮ ಕಡೆ ಪಂಚಮಿಗೆ ಹೆಣ್ಣುಮಗಳನ್ನು ಅಣ್ಣನೇ ಬಂದು ಕರೆದೊಯ್ಯಬೇಕು. ಈ ಸಲ ಬರಬೇಡ, ನಾನೇ ಬರುತ್ತೇನೆ ಎಂದು ಫೋನಿನಲ್ಲಿ ಅಣ್ಣನಿಗೆ ಹೇಳಿದ್ದೆ. ಹಬ್ಬದ ಹಿಂದಿನ ದಿನ ಬೆಳಿಗ್ಗೆ ಒಂಬತ್ತಕ್ಕೆ ನೋಡಿದರೆ ಬಾಗಿಲಲ್ಲಿ ಅವನೇ, ಉಂಡಿಯ ಡಬ್ಬಿ ಹಿಡಿದುಕೊಂಡು ನಿಂತಿದ್ದಾನೆ.

"ಗಾಡಿ ಕೈ ಕೊಟ್ರ ಇರ್ಲಿ ಅಂತ ಬಂದೀನಿ. ಹತ್ತೂವರಿಗೆ ಎಸ್‌ಟಿ ಐತಿ," ಎಂದ.

ನನಗೆ ರೇಗಿತು. ಅವನ ಎದುರಿಗೇ ಕಾರಿನ ಹೊದಿಕೆ ಸರಿಸಿದೆ. ಪ್ಲಗ್ ತೆಗೆದೆ, ಚಿಮಟ ಬಿಚ್ಚಿದೆ, ಬಾನೆಟ್ ಮುಚ್ಚಿದೆ. ನಾದಿನಿಯರು ಮತ್ತೆ ಬಾಗಿಲಲ್ಲಿ. ಕೀಲಿ ತಿರುಗಿಸಿದೆ. ಒಂದೇ ಏಟಿಗೆ ಚಾಲೂ ಆಯಿತು. ನಮ್ಮವರು ಎರಡೂ ಕೈ ಎತ್ತಿ ಮುಗಿದರು, ಕಾರಿಗೋ ನನಗೋ ತಿಳಿಯಲಿಲ್ಲ.

ಅಣ್ಣ ಖಾಲಿಯಾದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂತ. ಊರು ದಾಟುವವರೆಗೂ ಅವನ ಬಲಗಾಲು ತನ್ನ ಕಡೆ ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು. ಟ್ರಕ್ಕು ಬಂತು, ಎಮ್ಮೆ ಬಂತು ಎಂದು ಎಲ್ಲ ವರದಿ ಕೊಡುತ್ತಿದ್ದ. ಹಿಂದಿನ ಸಂಜೆ ಮಳೆಯಾಗಿ ಎರಡೂ ಬದಿ ತೊಗರಿ ಹಸಿರಾಗಿ ನಿಂತಿತ್ತು. ಅಕ್ಕಲಕೋಟೆಯಲ್ಲಿ ಗಾಡಿ ನಿಲ್ಲಿಸಿ ಚಹಾ ಕುಡಿದೆವು. ಮತ್ತೆ ಚಾಲೂ ಆಗುತ್ತದೋ ಇಲ್ಲವೋ ಎಂದು ಅವನು ಅರ್ಧ ಕಪ್ ಚಹಾ ಬಿಟ್ಟು ಎದ್ದ. ಆಯಿತು.

ಮೈಂದರ್ಗಿಯ ದಾರಿ ಹಿಡಿದ ಮೇಲೆ ವರದಿ ನಿಂತಿತು. ತಿರುಗಿ ನೋಡಿದರೆ ಅಣ್ಣ ಬಾಯಿ ತೆರೆದು ನಿದ್ದೆ ಹೋಗಿದ್ದ. ನನ್ನ ಮದುವೆಯಾದಾಗಿನಿಂದ ಪ್ರತಿ ಪಂಚಮಿಗೂ ಅವನೊಂದಿಗೆ ಬಸ್ಸಿನಲ್ಲಿ ಹೋಗಿದ್ದೇನೆ. ನನ್ನ ಚೀಲ, ನನ್ನ ಮಕ್ಕಳು, ನನ್ನ ಸೀಟು ಕಾಯುತ್ತ ಅವನು ಒಂದು ಸಲವೂ ಕಣ್ಣು ಮುಚ್ಚಿದವನಲ್ಲ.

ಮುಂದೆ ಮೇಕೆಗಳು ಅಡ್ಡ ಬಂದವು. ನಾನು ಹಾರ್ನ್ ಹೊಡೆಯದೆ, ಅವು ದಾಟುವವರೆಗೆ ಕಾದೆ.