ದಾರಿಗೆ ಅಡ್ಡವಿಟ್ಟ ಸೊಪ್ಪು

ನಮ್ಮ ಮನೆಯ ಮುಂಬಾಗಿಲ ಹಿಂದಿನ ಮೊಳೆಗೆ ನೇತುಹಾಕಿರುವ ಸೈಕಲ್ ಹೆಲ್ಮೆಟ್ಟಿನ ಸಂದಿಯೊಂದರಲ್ಲಿ ಒಣಗಿದ ತಂಗಡಿ ಹೂವಿನ ಗೊಂಚಲೊಂದು ಮೂರು ವರ್ಷದಿಂದ ಸಿಕ್ಕಿಕೊಂಡಿದೆ. ಅದನ್ನು ಅಲ್ಲಿ ನಾನೇ ಸಿಕ್ಕಿಸಿದೆನೋ, ಪೊದೆಗಳ ನಡುವೆ ನುಗ್ಗುವಾಗ ಅದಾಗಿಯೇ ಬಂದು ಕೂತಿತೋ, ನನಗೆ ಗೊತ್ತಿಲ್ಲ. ಗೊತ್ತಿಲ್ಲವೆಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಈ ಹೂವಿನ ಕಥೆಯನ್ನು ಕಾಲೇಜಿನ ಸ್ಟಾಫ್ ರೂಮಿನಲ್ಲಿ ಒಂದು ರೀತಿ, ಮಾವನ ಮನೆಯ ಊಟದ ಪಂಕ್ತಿಯಲ್ಲಿ ಇನ್ನೊಂದು ರೀತಿ ಹೇಳಿದ್ದೇನೆ, ಎರಡು ಸಲವೂ ಪ್ರಾಮಾಣಿಕವಾಗಿಯೇ ಹೇಳಿದ್ದೇನೆ. ಧೂಳು ಹೊಡೆಯುವಾಗಲೆಲ್ಲ ನನ್ನ ಹೆಂಡತಿ ಸರಳಾ, "ಈ ಕಸ ಎತ್ತಿ ಬಿಸಾಕ್ಲಾ?" ಎಂದು ಕೇಳುತ್ತಾಳೆ. ಬೇಡ ಎನ್ನುತ್ತೇನೆ. ಯಾಕೆ ಬೇಡ ಎಂದು ಅವಳು ಕೇಳುವುದಿಲ್ಲ. ನೀವು ಕೇಳುತ್ತೀರೆಂದು ನಂಬಿ ಬರೆಯುತ್ತಿದ್ದೇನೆ.

ವಿಶ್ವವಿದ್ಯಾಲಯದಲ್ಲಿ ನಾನು ಓದಿದ್ದು ತತ್ವಶಾಸ್ತ್ರ. ಅಲ್ಲಿ ಕಲಿತ ವಿದ್ಯೆಗಳಲ್ಲಿ ಇವತ್ತಿಗೂ ಉಳಿದಿರುವುದು ಒಂದೇ: ಯಾರಾದರೂ "ಕಣ್ಣಾರೆ ಕಂಡೆ" ಎಂದರೆ ಹುಬ್ಬೇರಿಸುವುದು. ಬೇರೆಯವರ ಮೇಲೆ ಪ್ರಯೋಗಿಸುತ್ತಿದ್ದ ಈ ವಿದ್ಯೆ ವಯಸ್ಸಾದಂತೆ ನನ್ನ ಮೇಲೆಯೇ ತಿರುಗಿಬಿತ್ತು. ಹೊಸೂರಿನ ನಮ್ಮ ಹಳೆಯ ಮನೆಯ ಗೋಡೆಗೆ ಅಪ್ಪ ಪ್ರತಿ ಹಬ್ಬಕ್ಕೂ ಸುಣ್ಣ ಬಳಿಸುತ್ತಿದ್ದರು. ಒಮ್ಮೆ ಮೂಲೆಯೊಂದರ ಚಕ್ಕೆ ಎದ್ದಾಗ ನೋಡಿದರೆ ಬೆರಳ ದಪ್ಪ ಬರೀ ಸುಣ್ಣವೇ ಇತ್ತು, ಒಳಗಿನ ಮಣ್ಣಿನ ಗೋಡೆ ಯಾವ ಬಣ್ಣದ್ದೆಂದು ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ. ಹೇಳಿ ಹೇಳಿ ಬೆಳ್ಳಗಾದ ನೆನಪುಗಳನ್ನು ಕಂಡಾಗ ನನಗೆ ಆ ಮೂಲೆ ಕಣ್ಣ ಮುಂದೆ ಬರುತ್ತದೆ.

ಇನ್ನು ಸೈಕಲ್ಲಿನ ವಿಷಯ. ನಾನು ಯಾವ ಕಾಲೇಜಿಗೆ ಸೇರಬೇಕೆಂಬುದನ್ನು ಅಪ್ಪ ಆರಿಸಿದರು, ಯಾವ ಕೆಲಸಕ್ಕೆ ಅರ್ಜಿ ಹಾಕಬೇಕೆಂಬುದನ್ನು ಚಿಕ್ಕಪ್ಪ ಆರಿಸಿದರು, ಯಾವ ಹುಡುಗಿಯನ್ನು ಒಪ್ಪಬೇಕೆಂಬುದನ್ನು ಅಮ್ಮ ಆರಿಸಿದರು. ಆರಿಸಿದ್ದೆಲ್ಲ ಚೆನ್ನಾಗಿಯೇ ಇತ್ತು, ದೂರುವುದಕ್ಕೂ ಏನೂ ಉಳಿಯಲಿಲ್ಲ. ಐವತ್ತು ದಾಟಿದ ಮೇಲೆ ಮೊದಲ ಬಾರಿ, ಯಾರನ್ನೂ ಕೇಳದೆ, ಕಲ್ಲುದಾರಿಗೆಂದೇ ಮಾಡಿದ ದಪ್ಪ ಟೈರಿನ ಹಸಿರು ಗೇರ್ ಸೈಕಲ್ಲೊಂದನ್ನು ತಂದೆ. ಮೊಣಕಾಲಿನ ಡಾಕ್ಟರು ಸೈಕಲ್ ಒಳ್ಳೆಯದು ಎಂದಿದ್ದರು. ಗುಡ್ಡ ಒಳ್ಳೆಯದು ಎಂದಿರಲಿಲ್ಲ.

ಸರಳಾಳ ತಮ್ಮ ಮುನಿರಾಜು ಹೊಸೂರಿನ ಲಾರಿ ಕಾರ್ಖಾನೆಯೊಂದರಲ್ಲಿ ಶಿಫ್ಟು ಮಾಡುತ್ತಾನೆ, ರಜೆಯಲ್ಲಿ ಗುಮ್ಮಳಾಪುರದ ಪಕ್ಕದ ತನ್ನ ಹಳ್ಳಿಗೆ ಹೋಗಿ ಹೊಲ ನೋಡಿಕೊಳ್ಳುತ್ತಾನೆ. ಅವನಿಗೂ ಸೈಕಲ್ಲಿನ ಹುಚ್ಚು. ಮಳೆಗಾಲ ಮುಗಿದ ಒಂದು ಭಾನುವಾರ ನಾವಿಬ್ಬರೂ ಅವನ ಮನೆಯಿಂದ ಬೆಳಿಗ್ಗೆ ಬೇಗ ಹೊರಟೆವು. ಒಂದು ಗಂಟೆ ತುಳಿದ ಮೇಲೆ ನನ್ನ ಸೈಕಲ್ಲಿನ ಚೈನು ಕಳಚಿತು. "ನೀವು ಹಾಕ್ಕೊಂಡು ನಿಧಾನುಕ್ ಬನ್ನಿ ಬಾವ, ನಾನು ಮುಂದ್ಲೂರಲ್ಲಿ ಟೀ ಹೇಳಿರ್ತೀನಿ" ಎಂದು ಮುನಿರಾಜು ಮುಂದೆ ಹೋದ.

ಚೈನು ಸರಿಮಾಡಿಕೊಂಡು ಹೋದರೆ ಎದುರಿಗೆ ಗಿಡುಗನ ಗುಡ್ಡ. ಅಲ್ಲಿ ದಾರಿ ಕವಲೊಡೆಯುತ್ತದೆ. ಎಡಕ್ಕೆ ಕೆರೆಯ ಬದಿಯಲ್ಲಿ ಗುಡ್ಡವನ್ನು ಬಳಸಿ ಹೋಗುವ ತಾರು ರಸ್ತೆ. ಬಲಕ್ಕೆ ಗುಡ್ಡವನ್ನೇ ಹತ್ತಿ ಇಳಿಯುವ ಹಳೆಯ ಗಾಡಿದಾರಿ, ಗಾಡಿಗಳು ನಿಂತುಹೋದ ಮೇಲೆ ಮೇಕೆಗಳಿಗೆ ಬಿಟ್ಟದ್ದು. ಎರಡೂ ಆಚೆಯ ಊರಿನ ಟೀ ಅಂಗಡಿಯ ಮುಂದೆ ಸೇರುತ್ತವೆ. ಆ ಬಲಗಡೆಯ ದಾರಿಗೆ ಅಡ್ಡವಾಗಿ, ಹಳದಿ ಹೂವಿದ್ದ ಒಂದು ತಂಗಡಿ ರೆಂಬೆ, ನಡುವೆ ಒಂದು ಕಲ್ಲು.

ಈ ಭಾಗದ ಹಳ್ಳಿಗರಿಗೆ ಅದು ಬರೆದಿಟ್ಟಷ್ಟು ಸ್ಪಷ್ಟ. ನಾಲ್ಕು ಜನ ಒಟ್ಟಿಗೆ ಹೊರಟು ಹಿಂದುಮುಂದಾದಾಗ, ಮುಂದಿನವನು ಹೋಗಬಾರದ ಕವಲಿಗೆ ಸೊಪ್ಪು ಮುರಿದು ಅಡ್ಡ ಹಾಕಿ ಕಲ್ಲು ಹೇರುತ್ತಾನೆ: ಇತ್ತ ಬರಬೇಡ ಎಂದು. ಆದರೆ ಅದಕ್ಕೆ ಇನ್ನರ್ಧವೂ ಇದೆ. ಅದನ್ನು ನನಗೆ ಹೇಳಿಕೊಟ್ಟವಳು ನಮ್ಮಜ್ಜಿ. ಬೇಸಿಗೆ ರಜೆಯಲ್ಲಿ ತನ್ನ ತವರಿಗೆ ನನ್ನನ್ನು ನಡೆಸಿಕೊಂಡು ಹೋಗುವಾಗ, "ಅಡ್ಡ ಇದ್ರೆ ಬರ್ಬ್ಯಾಡ ಅಂತ ಕಣ್ಲಾ. ಹಂಗೂ ಹೋಗ್ಲೇಬೇಕು ಅನ್ಸುದ್ರೆ ಸುಮ್ಕೆ ತುಳ್ಕೊಂಡು ಹೋಗ್ಬಾರ್ದು. ಸೊಪ್ನ ದಾರೀಗುದ್ದಕ್ಕೆ ತಿರುಗ್ಸಿ, ತೊಟ್ಟಿನ ಮ್ಯಾಕೆ ಕಲ್ಲು ಮಡುಗ್ಬೇಕು. ತಿಳ್ಕೊಂಡೇ ಹೋಗವ್ನೆ ಅಂತ ಹಿಂದೆ ಬರೋರ್ಗೆ ಗೊತ್ತಾಯ್ತದೆ" ಎಂದಿದ್ದಳು. ಬೇಡವೆಂದದ್ದನ್ನು ಮೀರಲು ಅನುಮತಿ ಕೊಟ್ಟು, ಮೀರಿದವನು ಅದನ್ನು ಮುಚ್ಚಿಡದಂತೆ ಕಟ್ಟುಹಾಕಿದ ಆ ಹಳ್ಳಿಗರ ಬುದ್ಧಿಯ ಮುಂದೆ ನಾನು ಓದಿದ ನೀತಿಶಾಸ್ತ್ರದ ದಪ್ಪ ಪುಸ್ತಕಗಳು ಸ್ವಲ್ಪ ಸಪ್ಪೆಯಾಗಿ ಕಾಣುತ್ತವೆ.

ನಾನು ಅಲ್ಲಿ ನಿಂತೆ. ಇದು ನನ್ನ ನೆನಪು. ತಾರು ರಸ್ತೆ ಕೆರೆಯ ಬೆಳಕಿನಲ್ಲಿ ಹೊಳೆಯುತ್ತಿತ್ತು. ಮುನಿರಾಜು ನನ್ನ ಮೊಣಕಾಲಿನ ಮೇಲಿನ ಕಾಳಜಿಯಿಂದಲೇ ಸೊಪ್ಪು ಹಾಕಿದ್ದ. ಮತ್ತೊಬ್ಬರು ನನಗಾಗಿ ಆರಿಸಿಕೊಟ್ಟ ಒಳ್ಳೆಯ ದಾರಿಗಳ ಸಾಲಿಗೆ ಇದೂ ಸೇರಲಿತ್ತು. ನಾನು ಬಗ್ಗಿ, ಕಲ್ಲನ್ನೆತ್ತಿ, ರೆಂಬೆಯನ್ನು ಉದ್ದಕ್ಕೆ ತಿರುಗಿಸಿ, ಮುರಿದ ಬುಡದ ತೊಟ್ಟಿನ ಮೇಲೆ ಕಲ್ಲಿಟ್ಟೆ. ಆಮೇಲೆ ಅದರ ಪಕ್ಕದಿಂದ ಸೈಕಲ್ ಹತ್ತಿಸಿದೆ.

ಆ ಏರಿನ ಬಗ್ಗೆ ಕೊಚ್ಚಿಕೊಳ್ಳಲು ಅಪ್ಪಣೆ ಕೊಡಿ. ಮೊದಲು ಕೊಯ್ಲಾದ ರಾಗಿ ಹೊಲಗಳ ಪಕ್ಕದ ಕೆಂಪು ಮಣ್ಣು, ನಯವಾಗಿಯೇ ಮಾತನಾಡಿಸುತ್ತದೆ. ಆಮೇಲೆ ಮಳೆನೀರು ಕೊರೆದ ಸೀಳುಗಳು, ಟೈರಿನಡಿ ಜಾರುವ ಗರಸು, ಎರಡೂ ಕಡೆಯಿಂದ ತೋಳು ಗೀರುವ ಪೊದೆ. ಅದನ್ನೂ ದಾಟಿದರೆ ಹಾಸುಬಂಡೆ: ಮೂರು ಮನೆಗಳ ಮಾಳಿಗೆಯನ್ನು ಓರೆಯಾಗಿ ಜೋಡಿಸಿಟ್ಟಷ್ಟು ಅಗಲ, ಮೇಲಿಂದ ಒಸರುವ ನೀರಿನ ಕಪ್ಪು ಗೆರೆ, ಹಿಡಿಯಲು ಒಂದು ಹುಲ್ಲುಕಡ್ಡಿಯೂ ಇಲ್ಲ. ಆ ಬಂಡೆಯ ಮೇಲೆ ಹಳೆಯ ಗಾಡಿಚಕ್ರಗಳು ಸವೆಸಿದ ಎರಡು ಗೀರುಗಳಿವೆ, ಅಂಗೈ ಅಗಲದವು. ಎಷ್ಟು ತಲೆಮಾರಿನ ಎತ್ತುಗಳು ಬಾಯಿ ನೊರೆಗರೆದು ಆ ಗೀರುಗಳನ್ನು ಕೆತ್ತಿದವೋ, ನನ್ನ ಮುಂದಿನ ಚಕ್ರ ಅವುಗಳಲ್ಲೊಂದರೊಳಗೆ ಇಳಿದು, ಇಲ್ಲಿಗೆಂದೇ ಹುಟ್ಟಿದಂತೆ ಕೂತಿತು. ಅತಿ ಸಣ್ಣ ಗೇರು, ಬಗ್ಗಿದ ಎದೆ, ಕಿವಿಯೊಳಗೆ ನನ್ನದೇ ಉಸಿರಿನ ತಿದಿ. ಎರಡು ಕಡೆ ಕಾಲೂರಿದೆ, ಒಂದು ಕಡೆ ಸುಮಾರು ಮೂವತ್ತು ಹೆಜ್ಜೆ ತಳ್ಳಿದೆ, ಇದನ್ನು ಮುಚ್ಚಿಡುವುದಿಲ್ಲ. ಬಂಡೆಯನ್ನು ಮಾತ್ರ ತುಳಿದೇ ಹತ್ತಿದೆ.

ನೆತ್ತಿಯಲ್ಲಿ ಮೇಕೆ ಬಿಟ್ಟುಕೊಂಡು ಕೂತಿದ್ದ ಮುದುಕಿಯೊಬ್ಬಳು ನನ್ನನ್ನೂ ಸೈಕಲ್ಲನ್ನೂ ಸರದಿಯಂತೆ ನೋಡಿ, "ಅದು ನಿನ್ನ ಹೊತ್ಕೊಂಡ್ ಬಂತೋ, ನೀನು ಅದುನ್ನ ಹೊತ್ಕೊಂಡ್ ಬಂದ್ಯೋ?" ಎಂದಳು.

"ಇಬ್ರೂ ಸ್ವಲ್ಪ ಸ್ವಲ್ಪ" ಎಂದೆ.

"ಕೆಳಗೆ ರೋಡು ಐತಲ್ಲಪ್ಪ, ಕಾಣ್ನಿಲ್ವಾ?"

"ಕಾಣ್ತು. ಬೇಕು ಅಂತಾನೇ ಬಂದೆ."

"ಬೇಕು ಅಂತ ಬಂದ್ನಂತೆ!" ಎಂದು ಅವಳು ಮೇಕೆಗಳಿಗೆ ಹೇಳಿ ನಕ್ಕಳು. "ನೋಡ್ರೇ, ನಾವು ಗತಿ ಇಲ್ದೆ ಬತ್ತೀವಿ, ಸಾಮಿ ಬೇಕು ಅಂತ ಬತ್ತಾನೆ!"

ಉತ್ತರಕ್ಕೆ ಕಾರ್ಖಾನೆಗಳ ತಗಡಿನ ಮಾಡುಗಳು ಬಿಸಿಲಿಗೆ ಚೂರು ಚೂರಾಗಿ ಮಿನುಗುತ್ತಿದ್ದವು. ಪೂರ್ವಕ್ಕೆ ಕೃಷ್ಣಗಿರಿ ಕಡೆಯ ಬೆಟ್ಟಗಳ ನೀಲಿ ಗೆರೆಯಿತ್ತು, ಅಥವಾ ಮೋಡವಿತ್ತು. ಹೆಲ್ಮೆಟ್ಟು ತೆಗೆದು ಹಿಡಿದುಕೊಂಡು, ಹೆಮ್ಮೆಯಿಂದ ಸುತ್ತಲೂ ನೋಡಿದೆ. ಹೂವನ್ನು ಹೆಲ್ಮೆಟ್ಟಿಗೆ ಸಿಕ್ಕಿಸಿಕೊಂಡಿದ್ದರೆ ಅದು ಆ ಹೊತ್ತಿನಲ್ಲೇ ಇರಬೇಕು.

ಇಳಿದು ಟೀ ಅಂಗಡಿಗೆ ಬಂದರೆ ಮುನಿರಾಜು ಇರಲಿಲ್ಲ. ನಾನು ಬಾರದ್ದನ್ನು ಕಂಡು ತಾರು ರಸ್ತೆಯಲ್ಲೇ ಕವಲಿನವರೆಗೂ ವಾಪಸ್ಸು ಹೋಗಿದ್ದ. ಅರ್ಧ ಗಂಟೆಯ ನಂತರ ಬೆವರು ಸುರಿಸುತ್ತಾ ಬಂದವನು ಮೊದಲು ಬೈದ, ಆಮೇಲೆ ನನ್ನ ಮೊಣಕಾಲು ಮುಟ್ಟಿ ನೋಡಿದ, ಆಮೇಲೆ ನಗಲು ಶುರುಮಾಡಿದ. ಆ ನಗು ಇನ್ನೂ ನಿಂತಿಲ್ಲ.

ಮುಂದಿನ ತಿಂಗಳು ಮಾವನ ಮನೆಯಲ್ಲಿ ಮಗುವೊಂದರ ನಾಮಕರಣದ ಊಟಕ್ಕೆ ಕೂತಾಗ, ನಾನು ಗುಡ್ಡ ಹತ್ತಿದ್ದನ್ನು ಪಂಕ್ತಿಗೆಲ್ಲ ವರ್ಣಿಸುತ್ತಿದ್ದೆ. ಸಾರು ಬಡಿಸುತ್ತಿದ್ದ ಮುನಿರಾಜು ಸೌಟು ಹಿಡಿದೇ ನಿಂತ.

"ಬಾವ ಬೇಕು ಅಂತ ಹೋಗ್ಲಿಲ್ಲ ಕಣ್ರಪ್ಪ, ದಾರಿ ತಪ್ಬುಟ್ರು! ನಾನು ಬರ್ಬ್ಯಾಡ್ರೀ ಅಂತ ಸೊಪ್ಪು ಹಾಕಿದ್ರೆ, ಇವ್ರು ತೋರಣ ಕಟ್ಟವ್ರೆ ಅನ್ಕೊಂಡು ಒಳೀಕೆ ಹೋಗವ್ರೆ! ಪ್ಯಾಟೆಯೋರ್ಗೆ ಸೊಪ್ಪು ಕಂಡ್ರೆ ಸ್ವಾಗತ ಅಂತ್ಲೇ ಅರ್ಥ."

ಪಂಕ್ತಿ ಪಂಕ್ತಿಯೇ ನಕ್ಕಿತು. "ನಾನು ಸೊಪ್ಪು ತಿರುಗಿಸಿಟ್ಟು ಹೋದೆ" ಎಂದೆ.

"ತಿರುಗ್ಸಿದ್ರೆ ನಂಗೆ ಕಾಣ್ತಿರ್ಲಿಲ್ವಾ? ವಾಪಸ್ ಹೋಗಿ ನೋಡ್ದೋನು ನಾನು. ಸುಮ್ನಿರಿ ಬಾವ, ಇನ್ನೊಂದ್ ಸೌಟು ಹಾಕ್ಸ್ಕೊಳ್ಳಿ."

ತಮಾಷೆಯೆಂದು ನೀವು ನಗಬಹುದು, ನಾನೂ ನಕ್ಕೆ. ಆದರೆ ಗುಡ್ಡ ಹತ್ತಿದ್ದನ್ನು ಯಾರೂ ಅಲ್ಲಗಳೆಯುತ್ತಿರಲಿಲ್ಲ, ಆರಿಸಿಕೊಂಡದ್ದನ್ನು ಅಲ್ಲಗಳೆಯುತ್ತಿದ್ದರು. ತಪ್ಪಿ ಹತ್ತಿದವನಿಗೆ ಉಳಿಯುವುದು ಕಾಲುನೋವು ಮಾತ್ರ. ಅಜ್ಜಿಯ ಕೈಹಿಡಿದು ಆ ದಾರಿಗಳಲ್ಲಿ ನಡೆದ ನನ್ನನ್ನು, ಸೊಪ್ಪಿನ ಮಾತು ತಿಳಿಯದ ಪೇಟೆಯವನೆಂದು ಒಂದೇ ಸೌಟಿನಲ್ಲಿ ಪಕ್ಕಕ್ಕೆ ಸರಿಸಲಾಗಿತ್ತು.

ಅದಕ್ಕಿಂತ ಕೆಟ್ಟದ್ದು ಆಮೇಲೆ ಬಂತು: ನನಗೇ ಅನುಮಾನ ಶುರುವಾಯಿತು. ಸ್ಟಾಫ್ ರೂಮಿನಲ್ಲಿ ಮೊದಲ ಸಲ ಹೇಳಿದಾಗ ಕಲ್ಲಿನ ಪ್ರಸ್ತಾಪ ಮಾಡಿದ್ದೆನೇ? ಇಲ್ಲವೆಂದು ತೋರುತ್ತದೆ. ಅಜ್ಜಿ ಹೇಳಿದ್ದೆಂದು ನಾನು ನಂಬಿರುವ ಮಾತು ಆಮೇಲೆ ಎಂದಾದರೂ ಸರಳಾಳ ಬಾಯಿಂದ ಕೇಳಿದ್ದಿರಬಹುದೇ? ಹೆದರಿದ ಮನಸ್ಸು ತನ್ನ ತಪ್ಪಿಗೆ ತಾನೇ ತೋರಣ ಕಟ್ಟಿಕೊಂಡಿರಬಹುದೇ? ಸಾಕ್ಷಿಗಾಗಿ ನೆತ್ತಿಯಲ್ಲಿ ಮೇಕೆ ಬಿಟ್ಟುಕೊಂಡಿದ್ದ ಮುದುಕಿಯನ್ನು ಹುಡುಕಿಕೊಂಡು ಹೋದೆ. "ನೆಪ್ಪೈತೆ ಸಾಮಿ, ಕೆಂಪು ಸೈಕಲ್ಲು, ಜೊತೇಲಿ ನಿನ್ನ ಹೆಂಡ್ರೂ ಇದ್ಲು" ಎಂದು ಅವಳು ಅಕ್ಕರೆಯಿಂದ ಹೇಳಿದಳು. ನೆನಪೆಂಬುದು ಎಷ್ಟು ಉದಾರಿ ನೋಡಿ, ಇಲ್ಲದವರನ್ನೂ ಕರೆದು ಕೂರಿಸುತ್ತದೆ. ಹೀಗೆ ಎರಡು ವರ್ಷ ಕಳೆದ ಮೇಲೆ ಒಂದು ದಿನ ನಾನೇ ಮುನಿರಾಜುವಿಗೆ, "ಇರಬಹುದಪ್ಪ, ತಪ್ಪಿಯೇ ಹೋಗಿದ್ದೆನೋ ಏನೋ" ಎಂದುಬಿಟ್ಟೆ. ಗೆದ್ದವನ ಮುಖ ಯಾಕೋ ಸಪ್ಪಗಾಯಿತು. ಅಂದಿನಿಂದ ಹೂವಿನ ಕಥೆಯನ್ನು ಯಾರಿಗೂ ಹೇಳಲಿಲ್ಲ. ಗೊಂಚಲನ್ನು ಮಾತ್ರ ಕೀಳಲಿಲ್ಲ.

ಈ ಬೇಸಿಗೆಯಲ್ಲಿ ಸರಳಾಳ ಫೋನು ತುಂಬಿಹೋಗಿ, ಹೊಸ ಫೋಟೊ ತೆಗೆಯಲು ಜಾಗವಿಲ್ಲವೆಂದಿತು. ಅವಳು ಅಡುಗೆಮನೆಯಲ್ಲಿ ಕೂತು ಹಳೆಯದನ್ನೆಲ್ಲ ಅಳಿಸುತ್ತಾ, "ಇದೇನ್ರೀ, ಬರೀ ಮಣ್ಣು?" ಎಂದು ಒಂದನ್ನು ತೋರಿಸಿದಳು. ಆ ಭಾನುವಾರ ಮುನಿರಾಜು ಕವಲಿನಿಂದ ಅಕ್ಕನಿಗೆ ಕಳಿಸಿದ ಚಿತ್ರ. ಕೆಳಗೆ ಅವನದೇ ಸಾಲು: "ನೋಡಕ್ಕ, ಬಾವ ಬೆಟ್ಟಕ್ಕೇ ಹೋಗವ್ರೆ." ಗಾಬರಿಯಲ್ಲಿದ್ದವನು ನೋಡಿದ್ದು, ತೋರಿಸಿದ್ದು, ಕೆಂಪು ಮಣ್ಣಿನ ಮೇಲಿನ ದಪ್ಪ ಟೈರಿನ ಗುರುತನ್ನು ಮಾತ್ರ. ಚಿತ್ರದ ಮೂಲೆಯಲ್ಲಿ ಏನೋ ಹಳದಿ ಇತ್ತು. ಬೆರಳಿನಿಂದ ಹಿಗ್ಗಿಸಿದೆ.

ಸಂಜೆ ಮುನಿರಾಜು ಬಂದಾಗ ಫೋನನ್ನು ಅವನ ಕೈಗೇ ಕೊಟ್ಟೆ. ಅವನೂ ಬೆರಳಿನಿಂದ ಹಿಗ್ಗಿಸಿ ನೋಡಿದ. "ಮೇಕೆ ಎಳ್ದಿರ್ಬೇಕು ಬಾವ" ಎಂದ, ತಂಗಡಿಗೆ ಮೇಕೆ ಬಾಯಿ ಹಾಕುವುದಿಲ್ಲವೆಂದು ನನಗಿಂತ ಚೆನ್ನಾಗಿ ಬಲ್ಲವನು. ಮತ್ತೆ ಹಿಗ್ಗಿಸಿದ. "ನಾನು ಕಲ್ಲು ನಡುಮಧ್ಯಕ್ ಮಡಗಿದ್ದೆ" ಎಂದು ತನಗೇ ಹೇಳಿಕೊಂಡ. ಆಮೇಲೆ ಫೋನು ಕೆಳಗಿಟ್ಟು, "ಯಾರ್ ಬಾವ ನಿಮ್ಗಿದನ್ನ ಹೇಳ್ಕೊಟ್ಟಿದ್ದು?" ಎಂದು ಕೇಳಿದ. ನಮ್ಮಜ್ಜಿ ಎಂದೆ, ಈ ಸಲ ಧೈರ್ಯವಾಗಿ.

ಹೆಲ್ಮೆಟ್ಟಿನ ಹೂವನ್ನು ನಾನೇ ಸಿಕ್ಕಿಸಿಕೊಂಡೆನೋ ಇಲ್ಲವೋ, ಇವತ್ತಿಗೂ ಹೇಳಲಾರೆ. ನೆತ್ತಿಯಿಂದ ಕಂಡದ್ದು ಬೆಟ್ಟವೋ ಮೋಡವೋ, ಅದನ್ನೂ ಹೇಳಲಾರೆ. ಬಾಗಿಲ ಹಿಂದಿನ ಆ ಒಣಗೊಂಚಲು ಏನನ್ನೂ ಸಾಧಿಸುವುದಿಲ್ಲ, ಸುಮ್ಮನೆ ಇರಲಿ. ಆದರೆ ಆ ಚಿತ್ರವನ್ನು ನಾನು ಕಾಲೇಜಿನ ದೊಡ್ಡ ಪರದೆಯ ಮೇಲೂ ಹಾಕಿ ನೋಡಿದ್ದೇನೆ: ರೆಂಬೆ ದಾರಿಗೆ ಉದ್ದಕ್ಕಿದೆ, ತುದಿ ಗುಡ್ಡದ ಕಡೆಗಿದೆ, ಟೈರಿನ ಗುರುತು ಅದನ್ನು ತುಳಿಯದೆ ಪಕ್ಕದಿಂದ ಹೋಗಿದೆ, ಕಲ್ಲು ತೊಟ್ಟಿನ ಮೇಲಿದೆ.