ವೃತ್ತಕ್ಕೆ ಬಣ್ಣ ತುಂಬಿದ ಭಾನುವಾರ

ಡಿಸೆಂಬರಿನ ಮೊದಲ ಭಾನುವಾರ ಬೆಳಿಗ್ಗೆ ಬ್ರಹ್ಮಾವರದಲ್ಲಿ ಬಸ್ಸು ಹತ್ತಿದೆವು. ಹತ್ತಿದೆವು ಎನ್ನುವುದಕ್ಕಿಂತ, ಸಾಕಷ್ಟು ವಾದದ ನಂತರ ಹತ್ತಿಸಿಕೊಂಡರು ಎನ್ನುವುದು ಸರಿ. ನಮ್ಮ ಜೊತೆ ಚಕ್ರವಿರುವ ಸ್ಕೇಟಿಂಗ್ ಶೂಗಳ ಭಾರದ ಚೀಲಗಳಿದ್ದವು.

"ಹ್ವಾಯ್, ಇದ್ರಗೆ ಎಂತ ಇತ್ತ್? ಕಬ್ಣವಾ?" ಎಂದ ಕಂಡಕ್ಟರ್.

"ಶೂ" ಎಂದರು ಸುಲೋಚನಾ.

"ಶೂ ಇಷ್ಟ್ ಭಾರವಾ? ಆನಿಗ್ ಹಾಕೂಕಾ?"

ಚೀಲಕ್ಕೆ ಅರ್ಧ ಟಿಕೆಟ್ಟಿನಂತೆ ಹರಿದು ಕೊಟ್ಟ.

ಸುಲೋಚನಾ ಮುಂಬಯಿಯಲ್ಲಿ ಬೆಳೆದವರು, ಅಲ್ಲಿಯೇ ಸ್ಕೇಟಿಂಗ್ ಕಲಿತವರು. ಮದುವೆಯಾಗಿ ಬ್ರಹ್ಮಾವರಕ್ಕೆ ಬಂದ ಮೇಲೆ ಕುಂದಾಪುರದಲ್ಲಿ ಒಂದು ಕ್ಲಬ್ಬು ಕಟ್ಟಿ ಮಕ್ಕಳಿಗೆ ಕಲಿಸುತ್ತಿದ್ದಾರೆ. ಇವರು ಕಲಿಸುವುದು ಓಟದ ಸ್ಕೇಟಿಂಗ್ ಅಲ್ಲ, ಫಿಗರ್ ಸ್ಕೇಟಿಂಗ್. ನೆಲದ ಮೇಲೆ ಒಂದಕ್ಕೊಂದು ತಾಗಿದಂತೆ ಎರಡು ದೊಡ್ಡ ವೃತ್ತಗಳನ್ನು ಬರೆದಿರುತ್ತಾರೆ. ಒಂದೇ ಕಾಲಿನ ಮೇಲೆ ಆ ಗೆರೆಯನ್ನು ಬಿಡದೆ ಒಂದು ವೃತ್ತ ಸುತ್ತಿ, ಕಾಲು ಬದಲಿಸಿ ಇನ್ನೊಂದಕ್ಕೆ ದಾಟಬೇಕು. ಆಮೇಲೆ ಸಂಗೀತಕ್ಕೆ ನೃತ್ಯದಂತೆ ಒಂದು ಪ್ರದರ್ಶನ. ಬೈಂದೂರಿನಲ್ಲಿ ಅಂದು ನಡೆಯಬೇಕಿದ್ದದ್ದು ರಾಜ್ಯ ಸ್ಪರ್ಧೆಗೆ ಈ ಕ್ಲಬ್ಬಿನ ಮಕ್ಕಳ ಆಯ್ಕೆ. ಪತ್ರಿಕೆಗೆ ವರದಿ ಮಾಡಲು ನಾನು ಜೊತೆಗೆ ಹೊರಟಿದ್ದೆ. ನಮ್ಮೊಂದಿಗೆ ಬ್ರಹ್ಮಾವರದ ಇಬ್ಬರು ಚಿಕ್ಕ ಮಕ್ಕಳೂ ಇದ್ದರು, ಅನುಷಾ ಮತ್ತು ಸುಹಾಸ.

ಹೆದ್ದಾರಿ ಅಗಲ ಮಾಡುತ್ತಿದ್ದ ಕಾಲ. ರಸ್ತೆ ನಿನ್ನೆ ಇದ್ದ ಕಡೆ ಇಂದು ಇರುತ್ತಿರಲಿಲ್ಲ. ಅರ್ಧ ಗಂಟೆಯ ದಾರಿಗೆ ದುಪ್ಪಟ್ಟು ಹೊತ್ತು ಹಿಡಿಯಿತು. ಕುಂದಾಪುರದಲ್ಲಿ ಇಳಿದಾಗ ಕೋಡಿಯ ಗುಲಾಬಿ ತಮ್ಮ ಮಗಳು ಪ್ರತೀಕ್ಷಾಳೊಂದಿಗೆ ಕಾಯುತ್ತಿದ್ದರು. ಗುಲಾಬಿ ಮೀನು ಮಾರುವವರು. ಭಾನುವಾರ ಅವರಿಗೆ ವಾರದ ದೊಡ್ಡ ವ್ಯಾಪಾರ.

"ಕಾಣಿ ಟೀಚರೇ, ಐತಾರ ಬುಟ್ಟಿ ಬಿಟ್ಟ್ ಬಂದದ್ದ್ ನಾನ್" ಎಂದು ಅವರು ಮೊದಲೇ ಎಚ್ಚರಿಸಿದರು. "ಬಪ್ಪ ವರ್ಷ ಇವ್ಳಿಗೆ ಹತ್ತನೇ ಕ್ಲಾಸ್. ಇವತ್ತ್ ಆಯ್ಕೆ ಆಯ್ಲ ಅಂದ್ರೆ ಈ ಶೂ ಅಟ್ಟದ್ ಮೇಲೆ. ಮತ್ತೆ ನೀವ್ ಮನಿಗ್ ಬಂದ್ ಹೇಳುಕಾಗ."

ಪ್ರತೀಕ್ಷಾ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡಳು.

ಆಯ್ಕೆ ಸುಲಭವಿರಲಿಲ್ಲ. ಈ ಕ್ಲಬ್ಬಿಗೆ ಸ್ವಂತ ನೆಲವಿಲ್ಲ. ಕುಂದಾಪುರದ ಒಂದು ಕಲ್ಯಾಣ ಮಂಟಪದ ಊಟದ ಹಾಲ್‌ನಲ್ಲಿ ಅಭ್ಯಾಸ, ಅದೂ ಮದುವೆ ಇಲ್ಲದ ದಿನ ಮಾತ್ರ. ಮಳೆಗಾಲದ ಆಸಾಡಿ ತಿಂಗಳಿಡೀ ಮದುವೆಗಳಿಲ್ಲದೆ ಹಾಲ್ ಖಾಲಿ ಇರುವುದರಿಂದ ಮಕ್ಕಳು ಚೆನ್ನಾಗಿ ಪಳಗುತ್ತಾರೆ. ನವೆಂಬರಿನಲ್ಲಿ ಊರಿಗೆ ಶುಭ ಮುಹೂರ್ತ ಹೆಚ್ಚಿದಷ್ಟೂ ಇವರಿಗೆ ಅಶುಭ. ಸ್ಪರ್ಧೆಗೆ ಮುಂಚಿನ ವಾರ ಪ್ರತೀಕ್ಷಾಳಿಗೆ ಸಿಕ್ಕಿದ್ದು ಒಂದೇ ಒಂದು ಸಂಜೆ. ಅಂದೂ ನೆಲದಲ್ಲಿ ಪಾಯಸ ಅಂಟಿತ್ತು.

ಬೈಂದೂರು ಬಸ್ಸು ಕಂಬ ಕಂಬಕ್ಕೂ ನಿಂತಿತು. ಮರವಂತೆಯಲ್ಲಿ ಎಡಕ್ಕೆ ಸಮುದ್ರ, ಬಲಕ್ಕೆ ನದಿ ಎಂದು ಎಲ್ಲರೂ ಬರೆಯುತ್ತಾರೆ. ನಮಗೆ ಎರಡೂ ಕಡೆ ಕಂಡದ್ದು ಕೆಂಪು ಧೂಳು. ಕಿರಿಮಂಜೇಶ್ವರದಲ್ಲಿ ಬಸ್ಸು ಒಂದು ಚಹಾದ ಹೊತ್ತು ನಿಂತಿತು, ಕಾರಣ ತಿಳಿಯಲಿಲ್ಲ. ಸುಹಾಸ ಕಿಟಕಿಯಿಂದ ವಾಂತಿ ಮಾಡಿದ, ನಂತರ ಇಡ್ಲಿ ಕೇಳಿದ.

ಬೈಂದೂರಿನ ಸಭಾಭವನ ಹೊಸದು, ನೆಲ ಕನ್ನಡಿಯಂಥದ್ದು. ಸುಲೋಚನಾ ಶುಕ್ರವಾರವೇ ಬಂದು ಬಿಳಿ ಬಣ್ಣದಲ್ಲಿ ಎರಡು ವೃತ್ತ ಬರೆದು ಹೋಗಿದ್ದರು. ಬಾಗಿಲಲ್ಲಿ ಅವರು ಥಟ್ಟನೆ ನಿಂತರು. ಹಿಂದೆ ಬರುತ್ತಿದ್ದ ನಾವು ಒಬ್ಬರಿಗೊಬ್ಬರು ಢಿಕ್ಕಿ ಹೊಡೆದೆವು.

ಎರಡು ವೃತ್ತಗಳ ತುಂಬ ರಂಗೋಲಿ. ಒಂದರಲ್ಲಿ ನವಿಲು, ಇನ್ನೊಂದರಲ್ಲಿ ತಾವರೆ. ಎರಡೂ ಸೇರುವ ಜಾಗದಲ್ಲಿ ಆಳೆತ್ತರದ ದೀಪ.

"ಹ್ಯಾಂಗಿತ್ತ್ ಮೇಡಂ?" ಎಂದು ನಗುತ್ತ ಬಂದವರು ಸಂಘಟಕ ಪ್ರಭಾಕರ. "ನಮ್ಮ ಮಹಿಳಾ ಮಂಡಲದವ್ರ್ ನಿನ್ನೆ ಸಂಜಿಯಿಂದ ಕೂಕಂಡ್ ಹಾಕದ್ದ್."

"ಪ್ರಭಾಕರಣ್ಣ, ಸ್ಪರ್ಧೆ ಇದೇ ಗೆರೆಯ ಮೇಲೆ."

"ನೀವೇ ಸುತ್ತ್ ಹಾಕಿ ಕೊಟ್ಟ್ ಹೋದ್ರಿ ಅಲ್ದಾ? ಇಷ್ಟ್ ಚಂದದ ಸುತ್ತ್ ರಂಗೋಲಿಗೇ ಅಂದ್ಕಂಡ್ ಬಣ್ಣ ತುಂಬ್ಸದ್ದ್."

ಗೋಡೆ ಬದಿ ಸಾಲಾಗಿ ಕುಳಿತಿದ್ದ ಹೆಂಗಸರು ಮೆಚ್ಚುಗೆಗಾಗಿ ನಮ್ಮ ಮುಖ ನೋಡುತ್ತಿದ್ದರು. ಸುಲೋಚನಾ ಅವರ ಕಡೆ ತಿರುಗಿ "ತುಂಬಾ ಚೆನ್ನಾಗಿದೆ" ಎಂದರು. ನಂತರ ದನಿ ತಗ್ಗಿಸಿ, ಈಗಲೇ ಗುಡಿಸಿ ತೆಗೆಸಬೇಕು, ಈ ಪುಡಿ ಚಕ್ರಕ್ಕೆ ಸಿಕ್ಕಿದರೆ ಮಕ್ಕಳು ಬೀಳುತ್ತಾರೆ ಎಂದು ಪ್ರಭಾಕರರಿಗೆ ಹೇಳಿದರು.

"ಮುಖ್ಯ ಅತಿಥಿ ಕಾಣುಕ್ ಮುಂಚೆ ಅಳ್ಸಿರೆ ಈ ಹೆಂಗ್ಸ್ರ್ ನನ್ನ ಬಿಡ್ತ್ರಾ?"

"ಅತಿಥಿ ಎಲ್ಲಿ?"

"ಕಿರಿಮಂಜೇಶ್ವರದಗೆ ಒಂದ್ ಉದ್ಘಾಟನೆ ಇತ್ತ್. ಮುಗ್ಸಿ ಈಗ ಬತ್ರ್."

ಈ 'ಈಗ' ಎಂಬುದು ಊಟದ ನಂತರ ಬಂತು. ಅಷ್ಟರವರೆಗೆ ಬೆಂಗಳೂರಿನಿಂದ ಬಂದಿದ್ದ ತೀರ್ಪುಗಾರರು ಪತ್ರಿಕೆಯನ್ನು ಜಾಹೀರಾತು ಸಹಿತ ಓದಿ ಮುಗಿಸಿದ್ದರು. ಸಂಜೆಯ ರೈಲಿಗೆ ಅವರು ಮಂಗಳೂರಿಗೆ ಹೊರಡಬೇಕಿತ್ತು, ಆ ವಿಷಯವನ್ನು ಬಂದವರಿಗೆಲ್ಲ ತಿಳಿಸುತ್ತಿದ್ದರು. ಊಟಕ್ಕೆ ಅನ್ನ, ಸಾಂಬಾರು, ಹಪ್ಪಳ. ಗುಲಾಬಿ ಸಾಂಬಾರನ್ನು ಮೂಸಿ "ಬಂಗ್ಡಿ ಮೀನಿನ್ ಬೆಲೆ ಗೊತ್ತಾಪ್ದ್ ಇಂಥಾ ಹೊತ್ತಿಗೇ" ಎಂದರು.

ಅತಿಥಿಗಳು ರಂಗೋಲಿ ಹೊಗಳಿದರು, ದೀಪ ಹಚ್ಚಿದರು, ದೀಪದ ಎಣ್ಣೆಯನ್ನು ತಾವರೆಯ ಮೇಲೆ ಚೆಲ್ಲಿದರು. ಚಿಕ್ಕಂದಿನಲ್ಲಿ ತೆಂಗಿನ ಮಡಲಿನ ಮೇಲೆ ಕೂತು ಎಳೆಸಿಕೊಳ್ಳುತ್ತಿದ್ದೆವು, ಅದೇ ನಮ್ಮ ಸ್ಕೇಟಿಂಗ್ ಎಂದು ಹೇಳಿ, ಅಂದು ಯಾರು ಯಾರು ಎಳೆದರು ಎಂಬುದನ್ನೂ ಹೆಸರು ಸಹಿತ ಸ್ಮರಿಸಿದರು. ಶಾಲು, ಹಾರ, ಹಣ್ಣಿನ ಬುಟ್ಟಿ ಆಯಿತು. ಸ್ಕೇಟಿಂಗ್ ಆಗುವ ಮೊದಲೇ ಹೊರಟರು. ಜನರೂ ಹೊರಟರು.

ದೀಪ ಬದಿಗಿಟ್ಟು ಗುಡಿಸಿದಾಗ ಪುಡಿ ಹಾಲ್ ತುಂಬ ಹರಡಿತು. ಒರೆಸಿದಾಗ ನೆಲ ಒದ್ದೆಯಾಯಿತು. ತೀರ್ಪುಗಾರರು ಬೆರಳಿಂದ ಮುಟ್ಟಿ ನೋಡಿ ತಲೆಯಾಡಿಸಿದರು. "ಒದ್ದೆ ನೆಲದಲ್ಲಿ ಮಕ್ಕಳನ್ನು ಇಳಿಸುವುದಿಲ್ಲ. ಯಾರಿಗಾದರೂ ಕೈ ಮುರಿದರೆ?" ಅವರು ಹೇಳಿದ್ದು ಸರಿಯಾಗಿತ್ತು, ಅದೇ ಎಲ್ಲರಿಗೂ ಸಿಟ್ಟು ತರಿಸಿತು. ಫ್ಯಾನು ಹಾಕಿ ಕಾದೆವು. ನೆಲ ಒಣಗುವ ಮೊದಲೇ ಅವರು ರಿಕ್ಷಾ ಹತ್ತಿದರು.

ಅಷ್ಟರಲ್ಲಿ ಗುಲಾಬಿ ಇನ್ನೊಂದು ರಿಕ್ಷಾ ಹತ್ತಿದ್ದರು. ಉಳಿದವರೂ ತುರುಕಿಕೊಂಡೆವು. ರೈಲು ನಿಲ್ದಾಣದ ಮೆಟ್ಟಿಲಲ್ಲಿ ಗುಲಾಬಿ ತೀರ್ಪುಗಾರರನ್ನು ಹಿಡಿದೇ ಹಿಡಿದರು.

"ಹ್ವಾಯ್ ಸಾರ್! ಚಂದ ಇಲ್ದಿರೆ ಇಲ್ಲ ಅನ್ನಿ, ನಾ ಎಂತದೂ ಹೇಳುದಿಲ್ಲ. ಕಾಣ್ದೇ ಹೋಪ್ದ್ ಎಂಥ ನ್ಯಾಯ?"

"ನಾನೇನು ಮಾಡಲಿ ಅಮ್ಮಾ, ರೈಲು ಬರುತ್ತೆ."

ಆಗ ರೈಲು ಒಂದೂವರೆ ಗಂಟೆ ತಡ ಎಂದು ಧ್ವನಿವರ್ಧಕ ಸಾರಿತು. ಪ್ಲಾಟ್‌ಫಾರಂ ಉದ್ದಕ್ಕೂ ಜನ ಗೊಣಗಿದರು. ಬೆಳಿಗ್ಗೆಯಿಂದ ಮೊದಲ ಬಾರಿಗೆ ಸುಲೋಚನಾ ನಕ್ಕರು. ತೀರ್ಪುಗಾರರು ಗಡಿಯಾರ ನೋಡಿದರು, ಗುಲಾಬಿಯನ್ನು ನೋಡಿದರು, ನಿಟ್ಟುಸಿರು ಬಿಟ್ಟು ಚೀಲ ಎತ್ತಿಕೊಂಡರು.

ಸಭಾಭವನದಲ್ಲಿ ಕುರ್ಚಿಗಳನ್ನು ಲಾರಿಗೆ ತುಂಬುತ್ತಿದ್ದರು. ರಂಗೋಲಿ ಹಾಕಿದ ಹೆಂಗಸರು ಮಾತ್ರ ಚಹಾ ಕುಡಿಯುತ್ತ ಉಳಿದಿದ್ದರು. ನೆಲ ಒಣಗಿತ್ತು. ಬಿಳಿ ಗೆರೆಗೆ ನೀಲಿ, ಹಳದಿ ಬಣ್ಣ ಅಲ್ಲಲ್ಲಿ ಹಿಡಿದುಕೊಂಡಿತ್ತು.

ಪ್ರತೀಕ್ಷಾ ಬಲಗಾಲ ಮೇಲೆ ಹೊರಟಳು. ಎಡಗಾಲು ಹಿಂದೆ ಚಾಚಿತ್ತು, ಕೈಗಳು ಗೆರೆಯ ಮೇಲೆ ಹಗ್ಗ ಹಿಡಿದಂತಿದ್ದವು. ಚಕ್ರದ ಸಣ್ಣ ಸದ್ದು ಬಿಟ್ಟರೆ ಬೇರೇನಿಲ್ಲ. ತೀರ್ಪುಗಾರರು ಬಗ್ಗಿ ಬಗ್ಗಿ ಹಿಂದೆಯೇ ನಡೆದರು. ಒಂದು ವೃತ್ತ ಮುಗಿಸಿ ಕಾಲು ಬದಲಿಸಿ ಇನ್ನೊಂದಕ್ಕೆ ದಾಟುವಾಗ, ಎಣ್ಣೆ ಚೆಲ್ಲಿದ್ದ ಜಾಗದ ಹತ್ತಿರವೇ, ಚಕ್ರ ಗೆರೆಯ ಹೊರಗೆ ಜಾರಿತು. ಗುಲಾಬಿ ನನ್ನ ತೋಳು ಹಿಡಿದರು. ಹುಡುಗಿ ವಾಲಿದಳು, ಇನ್ನೊಂದು ಕಾಲು ಊರಲಿಲ್ಲ. ಗೆರೆಗೆ ಮರಳಿದಳು.

"ಓ, ಇದಕ್ಕಾ ಸುತ್ತ್ ಹಾಕದ್ದ್!" ಎಂದಳು ಗೋಡೆ ಬದಿಯ ಒಬ್ಬಾಕೆ. ಚಹಾದ ಲೋಟ ಕೈಯಲ್ಲೇ ಇತ್ತು.

ಸಂಗೀತದ ಪ್ರದರ್ಶನಕ್ಕೆ ಧ್ವನಿವರ್ಧಕ ಇರಲಿಲ್ಲ, ಲಾರಿ ಹತ್ತಿತ್ತು. ಸುಲೋಚನಾ ಮೊಬೈಲು ಹಿಡಿದು ಅಂಚಿನಲ್ಲಿ ನಿಂತರು. ಮುಗಿದಾಗ ಆ ಹೆಂಗಸರೇ ಮೊದಲು ಚಪ್ಪಾಳೆ ತಟ್ಟಿದರು. ಚಿಕ್ಕವರಲ್ಲಿ ಸುಹಾಸ ಎರಡು ಸಲ ಬಿದ್ದ, ಅನುಷಾ ಬೀಳದೆ ದಾರಿ ಮರೆತಳು.

"ಈಕೆ ರಾಜ್ಯಕ್ಕೆ ಬರಲಿ" ಎಂದರು ತೀರ್ಪುಗಾರರು ಪ್ರತೀಕ್ಷಾಳನ್ನು ತೋರಿಸಿ. "ಆದರೆ ಕಾಲು ಬದಲಿಸುವುದು ಇನ್ನೂ ಬಿಗಿಯಾಗಬೇಕು. ಅಭ್ಯಾಸ ಸಾಲದು." ರೈಲಿಗೆ ಓಡಿದರು. ಸಿಕ್ಕಿತಂತೆ.

ಕುಂದಾಪುರದ ಬಸ್ಸಿಗೆ ಕಾಯುವಾಗ ಹೋಟೆಲಿನಲ್ಲಿ ಚಹಾ ಕುಡಿದೆವು. ಪ್ರತೀಕ್ಷಾ ಚಕ್ರಗಳಿಗೆ ಹಿಡಿದಿದ್ದ ಬಣ್ಣವನ್ನು ಒರೆಸುತ್ತಿದ್ದಳು. ಗುಲಾಬಿ ಸ್ಪರ್ಧೆ ಯಾವಾಗ ಎಂದು ಕೇಳಿದರು. ಜನವರಿ ಕೊನೆಗೆ ಎಂದರು ಸುಲೋಚನಾ, ಹಾಲ್ ಸಿಗಬೇಕಲ್ಲ ಎಂದು ತಮ್ಮಷ್ಟಕ್ಕೇ ಸೇರಿಸಿದರು.

ಗುಲಾಬಿ ಎದ್ದು ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತರು. ಬೆರಳಿಂದ ಡಿಸೆಂಬರಿನ ಸಾಲು ಹಿಡಿದು ಕೆಳಗಿಳಿದರು.

"ಎಂತಕ್ ತಲೆಬಿಸಿ ಟೀಚರೇ? ಇನ್ನ್ ಹತ್ತ್ ದಿನ ಕಳುದ್ರೆ ಧನುರ್ಮಾಸ. ಆಗ ಯಾರ್ ಮದಿ ಮುಹೂರ್ತ ಇಡ್ತ್ರ್? ಒಂದ್ ತಿಂಗ್ಳ್ ಹಾಲ್ ನಮ್ದೇ."

"ಅಮ್ಮ, ಹತ್ತನೇ ಕ್ಲಾಸ್?" ಎಂದಳು ಪ್ರತೀಕ್ಷಾ, ತಲೆ ಎತ್ತದೆ.

"ಅದ್ ಜೂನಿಗಲ್ದಾ. ಚಕ್ರ ಸಮ ಒರ್ಸ್."